ಮಳೆಗಾಲದ ದಪ್ಪ ಬಟ್ಟೆ: ಕಂಬಕ್ಕೆ ಹಿಂಡುವುದೋ, ಟವೆಲಿನಲ್ಲಿ ಸುತ್ತುವುದೋ, ಫ್ಯಾನೋ, ಬಚ್ಚಲೊಲೆಯೋ?

ಕಾರವಾರದ ಮಳೆಗಾಲದಲ್ಲಿ ಜೀನ್ಸ್, ಟರ್ಕಿ ಟವೆಲ್, ಡಬಲ್ ಬೆಡ್‌ಶೀಟ್ ಒಣಗದಿರುವುದಕ್ಕೆ ಬಿಸಿಲಿಲ್ಲದ್ದೊಂದೇ ಕಾರಣ ಅಲ್ಲ. ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆಯ ಗಾಳಿ 27 ಡಿಗ್ರಿಯಲ್ಲಿ ಹಿಡಿಯಬಲ್ಲ ನೀರಾವಿ ಸುಮಾರು 730 ಗ್ರಾಂ. ತೇವಾಂಶ ಆಗಲೇ ಶೇ 85 ಇದ್ದರೆ ಇನ್ನು 110 ಗ್ರಾಂ ಮಾತ್ರ ಹಿಡಿಯುತ್ತದೆ, ಅರ್ಧ ಲೋಟ ನೀರು. ಕೈಯಲ್ಲಿ ಹಿಂಡಿದ ಒಂದೇ ಜೀನ್ಸ್‌ನಲ್ಲಿ ಅದರ ಆರು ಪಟ್ಟು ಇರುತ್ತದೆ. ಹಾಗಾಗಿ ಹಗ್ಗಕ್ಕೆ ಹಾಕುವ ಮೊದಲು ಎಷ್ಟು ನೀರು ತೆಗೆದಿರಿ ಅನ್ನುವುದೇ ಮುಖ್ಯ.

ಕೊಕ್ಕೆ ತಕ್ಕಡಿಗೆ ಹಾಕಿ ನೋಡಿದಾಗ, ಒಣಗಿದ್ದಾಗ 700 ಗ್ರಾಂ ತೂಗುವ ಜೀನ್ಸ್ ಒಬ್ಬರೇ ಕೈಯಲ್ಲಿ ಹಿಂಡಿದರೆ 1,400ರ ಆಸುಪಾಸು ಬರುತ್ತದೆ. ಕಂಬಕ್ಕೆ ಹಾಕಿ ಹಿಂಡಿದರೆ 1,250ಕ್ಕೆ ಇಳಿಯುತ್ತದೆ. ಬಟ್ಟೆಯನ್ನು ಉದ್ದಕ್ಕೆ ಮಡಚಿ, ನುಣುಪಾದ ಮರದ ಕಂಬಕ್ಕೆ ಬಳಸಿ, ಎರಡೂ ತುದಿ ಜೋಡಿಸಿ, ನಡುವೆ ಗಟ್ಟಿ ಕೋಲು ತೂರಿಸಿ ತಿರುಗಿಸಬೇಕು. ನೀರು ನಿಂತ ಮೇಲೆ ಅರ್ಧ ನಿಮಿಷ ಹಾಗೇ ಹಿಡಿದರೆ ಇನ್ನಷ್ಟು ಇಳಿಯುತ್ತದೆ. ನಲ್ಲಿಗೆ ಸುತ್ತಬೇಡಿ, ಬುಡದಲ್ಲಿ ಪೈಪ್ ಸಡಿಲವಾಗುತ್ತದೆ. ಕಿಟಕಿಯ ಕಬ್ಬಿಣದ ಸರಳಿಗೆ ಸುತ್ತಿದರೆ ಹತ್ತುವ ತುಕ್ಕಿನ ಕಲೆ ಸುಲಭಕ್ಕೆ ಹೋಗುವುದಿಲ್ಲ. ಉಣ್ಣೆ ಕಂಬಳಿಗೆ ಈ ವಿಧಾನ ಬೇಡವೇ ಬೇಡ, ತಿರುಚಿದರೆ ಆಕಾರ ಕೆಡುತ್ತದೆ. ಅದನ್ನು ಇಳಿಜಾರು ಕಲ್ಲಿನ ಮೇಲೆ ಹರಡಿ ಅಂಗೈಯಿಂದ ಒತ್ತಿ.

ಒಣ ಟವೆಲಿನಲ್ಲಿ ಸುತ್ತಿ ತುಳಿದರೆ ಇನ್ನೂ 150 ಗ್ರಾಂ ಹೋಗುತ್ತದೆ. ಆದರೆ ಆ ನೀರು ಟವೆಲಿನಲ್ಲೇ ಕೂತಿರುತ್ತದೆ, ಅದನ್ನೂ ಒಣಗಿಸಬೇಕಲ್ಲ! ನಾಳೆ ಬೆಳಿಗ್ಗೆ ಬೇಕಾದ ಒಂದು ಯೂನಿಫಾರ್ಮಿಗೆ ಸರಿ, ಮನೆಮಂದಿಯ ಬಟ್ಟೆಗೆಲ್ಲ ಆಗದು. ಬಟ್ಟೆಯನ್ನು ಗಿರ್ರನೆ ತಿರುಗಿಸಿ ನೀರು ತೆಗೆಯುವ, ಪ್ರತ್ಯೇಕವಾಗಿ ಸಿಗುವ ಸ್ಪಿನ್ ಡ್ರೈಯರ್ ಇವೆರಡನ್ನೂ ಸೋಲಿಸುತ್ತದೆ. ಭಾರದ ಬಟ್ಟೆ ಒಂದನ್ನೇ ಹಾಕಿದರೆ ಯಂತ್ರ ಕುಣಿಯುತ್ತದೆ, ಎದುರಿಗೆ ಅಷ್ಟೇ ತೂಕದ ಇನ್ನೊಂದನ್ನಿಡಿ.

ಇನ್ನು ಒಣಹಾಕುವ ಜಾಗ. ಜಗಲಿಗೆ ಗಾಳಿ ಬರುತ್ತದೆ, ಇರಚಲೂ ಬರುತ್ತದೆ. ಕಡಲಿಗೆ ಮುಖಮಾಡಿದ ಬಾಲ್ಕನಿಯಲ್ಲಿ ಬಟ್ಟೆಗೆ ಉಪ್ಪು ಹತ್ತುತ್ತದೆ. ಉಪ್ಪು ತೇವವನ್ನು ಎಳೆದುಕೊಳ್ಳುವುದರಿಂದ ಒಣಗಿದ ಬಟ್ಟೆಯೂ ಸಂಜೆಗೆ ಮತ್ತೆ ಥಂಡಿ. ಅಲ್ಲಿ ಕಬ್ಬಿಣದ ತಂತಿಗಿಂತ ನೈಲಾನ್ ಹಗ್ಗವೇ ಲೇಸು.

ಕಾರವಾರದ ಮನೆಗಳಿಗೆ ನಮ್ಮ ಆಯ್ಕೆ ಟೇಬಲ್ ಫ್ಯಾನ್. ಮೇಲಿನ ಸೀಲಿಂಗ್ ಫ್ಯಾನ್ ಹಗ್ಗದ ಹತ್ತಿರದ ಭಾಗವನ್ನಷ್ಟೇ ಒಣಗಿಸುತ್ತದೆ. ನೀರಿಳಿದು ನಿಲ್ಲುವುದು ಕೆಳಗೆ. ಟೇಬಲ್ ಫ್ಯಾನನ್ನು ಸಾಲಿನ ಒಂದು ತುದಿಯಲ್ಲಿ, ನೆಲಕ್ಕೆ ಹತ್ತಿರವಾಗಿ, ಬಟ್ಟೆಗಳ ಸಂದಿಯಲ್ಲಿ ಗಾಳಿ ನುಗ್ಗುವಂತೆ ಇಡಿ. ಎದುರಿನ ಕಿಟಕಿ ತೆರೆದಿರಲಿ. ಹೊರಗೆ ಮಳೆ ಅಂತ ಮುಚ್ಚಿದರೆ ಮೇಲೆ ಹೇಳಿದ ಅರ್ಧ ಲೋಟದ ಲೆಕ್ಕ, ಉಳಿದದ್ದು ಗೋಡೆಗೆ ಬೂಷ್ಟಾಗಿ ಕೂರುತ್ತದೆ. 50 ವಾಟಿನ ಫ್ಯಾನ್ ಎಂಟು ತಾಸು ಓಡಿದರೆ ಅರ್ಧ ಯೂನಿಟ್ಟೂ ಆಗದು.

ಬೆಡ್‌ಶೀಟನ್ನು ಒಂದಡಿ ಅಂತರದ ಎರಡು ಹಗ್ಗಗಳ ಮೇಲೆ ಹಾಕಿ, ಎರಡು ಪದರ ಅಂಟಿಕೊಳ್ಳುವುದಿಲ್ಲ. ಜೀನ್ಸ್ ಒಳಮೈ ಹೊರಗೆ ಮಾಡಿ, ಜೇಬು ಹೊರಗೆಳೆದು, ಸೊಂಟ ಮೇಲೆ ಬರುವಂತೆ ಕ್ಲಿಪ್ ಹಾಕಿ. ತಲೆಕೆಳಗಾದರೆ ಇದ್ದಬದ್ದ ನೀರೆಲ್ಲ ಅತಿ ದಪ್ಪವಿರುವ ಸೊಂಟಪಟ್ಟಿಗೇ ಇಳಿಯುತ್ತದೆ.

ಶಿರಸಿ ಕಡೆ ಚಳಿ ಜಾಸ್ತಿ, ಆದರೆ ಸ್ನಾನದ ನೀರಿಗೆ ಬಚ್ಚಲೊಲೆ ಹೇಗೂ ಉರಿಯುತ್ತಿರುತ್ತದೆ. ಅದರ ಮೇಲಿನ ಬಿದಿರು ಗಳಕ್ಕೆ ಹಾಕಿದ ಕಂಬಳಿ, ಗೋಣಿಯಂಥವು ಫ್ಯಾನಿಗಿಂತ ಬೇಗ ಒಣಗುತ್ತವೆ. ಬಿಳಿ ಬಟ್ಟೆ ಮಾತ್ರ ಅಲ್ಲಿ ಬೇಡ: ಆವಿ ಹಂಚಿಗೆ ತಾಗಿ ಮಸಿಯೊಂದಿಗೆ ತೊಟ್ಟಿಕ್ಕುತ್ತದೆ, ಆ ಕಂದು ಕಲೆ ಸೋಪಿಗೆ ಬಗ್ಗದು. ಗಳ ಬೆಂಕಿಯಿಂದ ಐದಡಿಯಾದರೂ ಮೇಲಿರಲಿ, ಪಾಲಿಯೆಸ್ಟರ್ ಅತ್ತ ಸುಳಿಯದಿರಲಿ, ಬೆಂಕಿ ಆರಿಸದೆ ರಾತ್ರಿ ಬಟ್ಟೆ ಬಿಟ್ಟು ಮಲಗಬೇಡಿ.