ಜೋರ್ಡನ್ ಹಾಲಾ, ಗಾರ್ಡ್ನರಾ, ಇಲ್ಲ ಹುಡುಗರ ಕಛೇರಿಯಾ? ಬಾಸ್ಟನ್ನಿನಲ್ಲಿ ಚೇಂಬರ್ ಸಂಗೀತ ಕೇಳುವವರಿಗೆ ಒಂದು ಹೋಲಿಕೆ

ಬಾಸ್ಟನ್ನಿಗೆ ಬಂದ ನಮ್ಮ ಕಡೆಯವರಿಗೆ ಪಾಶ್ಚಾತ್ಯ ಸಂಗೀತ ಕೇಳುವ ಆಸೆ ಹುಟ್ಟಿದರೆ ನೇರ ಸಿಂಫನಿ ಹಾಲಿಗೆ ಟಿಕೆಟ್ ತಗೊಳ್ಳುತ್ತಾರೆ. ತಪ್ಪೇನಿಲ್ಲ. ಆದರೆ ಕರ್ನಾಟಕ ಸಂಗೀತಕ್ಕೆ ಪಳಗಿದ ಕಿವಿಗೆ ದೊಡ್ಡ ಆರ್ಕೆಸ್ಟ್ರಾಕ್ಕಿಂತ ಚೇಂಬರ್ ಸಂಗೀತ ಬೇಗ ಹತ್ತುತ್ತದೆ. ಮೂರೋ ನಾಲ್ಕೋ ಜನ ಹತ್ತಿರ ಹತ್ತಿರ ಕೂತು ನುಡಿಸುತ್ತಾರೆ. ಯಾರು ಏನು ಹೇಳಿದರು, ಯಾರು ಅದಕ್ಕೆ ಉತ್ತರ ಕೊಟ್ಟರು ಅನ್ನೋದು ಬಿಡಿಬಿಡಿಯಾಗಿ ಕೇಳುತ್ತದೆ.

ಇದಕ್ಕೆ ಈ ಊರಿನಲ್ಲಿ ಮೂರು ಒಳ್ಳೆಯ ಜಾಗ ಇವೆ, ಮೂರೂ ಒಂದೇ ಟ್ರೈನ್ ದಾರಿಯಲ್ಲಿ. ಒಂದು, ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿ ಅನ್ನೋ ಸಂಗೀತ ಕಾಲೇಜಿನ ಮೇಷ್ಟ್ರುಗಳು ಜೋರ್ಡನ್ ಹಾಲಿನಲ್ಲಿ ಕೊಡುವ ಕಛೇರಿಗಳು. ಎರಡು, ಅದೇ ಕಾಲೇಜಿನ ವಿದ್ಯಾರ್ಥಿಗಳ ಕಛೇರಿಗಳು. ಮೂರು, ಅಲ್ಲಿಂದ ನಡೆದುಹೋಗುವಷ್ಟು ದೂರದ ಗಾರ್ಡ್ನರ್ ಮ್ಯೂಸಿಯಮ್ಮಿನ ಭಾನುವಾರದ ಕಛೇರಿ. ಮೂರಕ್ಕೂ ಹಲವು ವರ್ಷಗಳಿಂದ ಹೋಗುತ್ತಿದ್ದೇನೆ. "ಯಾವುದಕ್ಕೆ ಹೋಗೋಣ?" ಅಂತ ಕೇಳುವ ಸ್ನೇಹಿತರಿಗೆ ಪ್ರತಿಸಲ ಫೋನಿನಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಜೋರ್ಡನ್ ಹಾಲ್. ಕನ್ಸರ್ವೇಟರಿ ಶುರುವಾಗಿದ್ದು 1867ರಲ್ಲಿ, ಹಾಲ್ ತೆರೆದದ್ದು 1903ರಲ್ಲಿ. ಜೋರ್ಡನ್ ಮಾರ್ಶ್ ಅನ್ನೋ ದೊಡ್ಡ ಬಟ್ಟೆಬರೆ ಅಂಗಡಿಯ ಮನೆತನದವರು ಕಟ್ಟಿಸಿಕೊಟ್ಟದ್ದು. ಸುಮಾರು ಸಾವಿರ ಸೀಟು. ಎಲ್ಲಿ ನೋಡಿದರೂ ಮರ, ಕುದುರೆ ಲಾಳದ ಆಕಾರದ ಬಾಲ್ಕನಿ, ವೇದಿಕೆಯ ಹಿಂದೆ ಹಳೆಯ ಆರ್ಗನ್ನಿನ ಕೊಳವೆಗಳ ಸಾಲು. ಹಾಲಿನ ಬಗ್ಗೆ ಹೆಚ್ಚು ಹೊಗಳಬೇಕಿಲ್ಲ, ಒಂದೇ ಪರೀಕ್ಷೆ ಸಾಕು. ಸ್ಟ್ರಿಂಗ್ ಕ್ವಾರ್ಟೆಟ್ ಅಂದರೆ ಎರಡು ವಯೊಲಿನ್, ತುಸು ದೊಡ್ಡದಾದ ಒಂದು ವಿಯೋಲಾ, ಇನ್ನೂ ದೊಡ್ಡದಾದ ಒಂದು ಚೆಲ್ಲೋ, ಹೀಗೆ ನಾಲ್ವರ ಕೃತಿ. ರಾವೆಲ್ ಅನ್ನೋ ಫ್ರೆಂಚ್ ರಚನೆಕಾರನ ಸ್ಟ್ರಿಂಗ್ ಕ್ವಾರ್ಟೆಟ್ಟಿನಲ್ಲಿ ಎರಡನೆಯ ಭಾಗ ಶುರುವಾಗುವುದು ಕಮಾನು ಬಿಟ್ಟು ಬೆರಳಿನಲ್ಲಿ ಮೀಟುವುದರಿಂದ. ಆ ಮೀಟು ಬಾಲ್ಕನಿಯ ಕಟ್ಟಕಡೆಯ ಸಾಲಿಗೂ ಚೂಪಾಗಿ ಬಂದು ಮುಟ್ಟುತ್ತದೆ. ಮೈಕಿನ ಗೊಡವೆಯೇ ಇಲ್ಲ. ನಮ್ಮ ಸಭೆಗಳಲ್ಲಿ ಮೃದಂಗದವರು ಮೈಕಿನವನ ಕಡೆ ಕೈ ಮೇಲೆತ್ತಿ ಸನ್ನೆ ಮಾಡೋದನ್ನ ನೋಡಿ ಬೆಳೆದವರಿಗೆ ಇದು ಮೊದಮೊದಲು ವಿಚಿತ್ರ ಅನ್ನಿಸುತ್ತದೆ.

ಇಲ್ಲಿ ಫಸ್ಟ್ ಮಂಡೇ ಅಂತ ಒಂದು ಸರಣಿ ಇದೆ. ಚೆಲ್ಲೋ ವಾದಕ ಲಾರೆನ್ಸ್ ಲೆಸರ್ ಕನ್ಸರ್ವೇಟರಿಯ ಅಧ್ಯಕ್ಷರಾಗಿದ್ದಾಗ, 1985ರಲ್ಲಿ, ಶುರುಮಾಡಿದ್ದು. ಹೆಸರಿನಂತೆ ಸೋಮವಾರ ಸಂಜೆ. ಆದರೆ ಪ್ರತಿ ತಿಂಗಳೂ ಇರಲ್ಲ, ಪಟ್ಟಿ ನೋಡಿಕೊಂಡೇ ಹೊರಡಬೇಕು. ದುಡ್ಡು ಕೊಡಬೇಕಿಲ್ಲ. ಮೇಷ್ಟ್ರುಗಳು, ಅವರ ಹಳೆಯ ಶಿಷ್ಯರು, ಊರಿನ ಇತರ ಕಲಾವಿದರು ಸೇರಿ ನುಡಿಸುತ್ತಾರೆ.

ಜೋರ್ಡನ್ ಹಾಲಿನಲ್ಲಿ ನನಗೆ ತುಂಬಾ ಹಿಡಿಸಿದ್ದು ಬೊರೊಮಿಯೋ ಕ್ವಾರ್ಟೆಟ್. 1992ರಿಂದ ಇದೇ ಕಾಲೇಜಿನಲ್ಲಿ ಪಾಠ ಹೇಳುತ್ತಿರುವ ತಂಡ. ಸ್ಟ್ಯಾಂಡಿನ ಮೇಲೆ ಇವರು ಇಡೋದು ಕಾಗದವಲ್ಲ, ಲ್ಯಾಪ್‌ಟಾಪ್. ಕಾಲ ಕೆಳಗೆ ಒಂದು ಪೆಡಲ್, ತುಳಿದರೆ ಪುಟ ತಿರುಗುತ್ತದೆ. ಇದು ಸುಮ್ನೆ ಶೋಕಿಗಲ್ಲ. ಮಾಮೂಲಿ ಮುದ್ರಿತ ಪ್ರತಿಯಲ್ಲಿ ಪ್ರತಿಯೊಬ್ಬರ ಮುಂದೆಯೂ ಅವರವರ ಸಾಲು ಮಾತ್ರ ಇರುತ್ತದೆ. ನಾಲ್ಕೂ ಜನರ ಸಾಲುಗಳಿರುವ ಪೂರ್ತಿ ಸ್ಕೋರ್ ಇಟ್ಟರೆ ಪುಟ ಬೇಗ ಬೇಗ ಮುಗಿಯುತ್ತದೆ, ತಿರುಗಿಸಲು ಕೈ ಖಾಲಿ ಇರಲ್ಲ. ಆ ಕೆಲಸವನ್ನು ಇವರು ಕಾಲಿಗೆ ವಹಿಸಿದ್ದಾರೆ. ಹಾಗಾಗಿ ನಾಲ್ವರ ಕಣ್ಣ ಮುಂದೆಯೂ ಇಡೀ ಕೃತಿ ಇರುತ್ತದೆ. ವಿಯೋಲಾದ ಒಂದು ಸಣ್ಣ ಎಳೆ ಬಂದಾಗ ಉಳಿದವರು ಜಾಗ ಬಿಟ್ಟುಕೊಡುವ ರೀತಿ ನೋಡಿದರೆ ಅದರ ಲಾಭ ಗೊತ್ತಾಗುತ್ತದೆ.

ಹಾಗಾದರೆ ಮೇಷ್ಟ್ರುಗಳ ಕಛೇರಿಯೇ ಮೇಲು ಅಂತ ಅಂದುಕೊಂಡರಾ? ನಾನು ಅಷ್ಟು ಬೇಗ ಹೇಳಲ್ಲ.

ಬೊರೊಮಿಯೋ ಥರ ವರ್ಷಗಟ್ಟಲೆ ಜೊತೆಗೆ ನುಡಿಸಿದ ತಂಡದ ಮಾತು ಬೇರೆ. ಒಂದು ಸಂಜೆಗೆಂದು ಸೇರುವ ಹೆಸರಾಂತ ಕಲಾವಿದರ ಮಾತು ಬೇರೆ. ಅವರಿಗೆ ಪುರುಸೊತ್ತು ಕಡಿಮೆ. ಒಬ್ಬರು ನಿನ್ನೆ ಯಾವುದೋ ಊರಿನಲ್ಲಿ ಇದ್ದರು, ಇನ್ನೊಬ್ಬರು ನಾಳೆ ವಿಮಾನ ಹತ್ತಬೇಕು. ನಾಲ್ಕಾರು ಸಲ ಕೂತು ನುಡಿಸಿ ನೋಡಿ ವೇದಿಕೆಗೆ ಬರುತ್ತಾರೆ. ಅನುಭವ ಇದೆ, ದಡ ಸೇರುತ್ತಾರೆ. ಆದರೆ ಎಲ್ಲರೂ ಒಂದೇ ಮಾತು ಆಡುತ್ತಿದ್ದಾರೆ ಅಂತ ಅನ್ನಿಸುವುದಿಲ್ಲ. ಈ ಊರಲ್ಲೇ ಒಂದು ಸಲ ಜೇಬಿಗೆ ಸರಿಯಾಗಿ ಕತ್ತರಿ ಹಾಕಿಸಿಕೊಂಡು ಅಂಥದೊಂದು ಸಂಜೆಗೆ ಹೋಗಿದ್ದೆ. ಯಾರದು, ಎಲ್ಲಿ ಅನ್ನೋದು ಬೇಡ. ಶೂಬರ್ಟ್‌ನ ಎರಡು ಚೆಲ್ಲೋಗಳ ಕ್ವಿಂಟೆಟ್. ಐದೂ ಜನ ಪ್ರಚಂಡರು. ಮೆಲ್ಲಗೆ ಸಾಗುವ ಎರಡನೆಯ ಭಾಗದಲ್ಲಿ ಐದು ಜನರ ಐದು ನಡಿಗೆ!

ಅದೇ ಕೃತಿಯನ್ನು ಮುಂದೊಮ್ಮೆ ಕನ್ಸರ್ವೇಟರಿಯ ಹುಡುಗರಿಂದ ಕೇಳಿದೆ. ಬೇಸೂರು ಒಂದೆರಡು ಕಡೆ ಇತ್ತು, ಇಲ್ಲ ಅನ್ನಲ್ಲ. ಆದರೆ ಎರಡನೆಯ ಭಾಗದಲ್ಲಿ ನಡುವಿನ ಮೂವರು ಉದ್ದುದ್ದ ಸ್ವರ ಹಿಡಿದು ನಿಂತಾಗ ಕಮಾನುಗಳೂ ಒಟ್ಟಿಗೇ ದಿಕ್ಕು ಬದಲಿಸಿದವು. ಕೆಳಗೆ ಎರಡನೆಯ ಚೆಲ್ಲೋ ಹುಡುಗ ಕಣ್ಣು ಮುಚ್ಚಿ ಮೀಟುತ್ತಿದ್ದ. ಹೀಗೇಕೆ ಅನ್ನೋದಕ್ಕೆ ಕಾರಣ ಸರಳ. ಕಾಲೇಜಿನಲ್ಲಿ ಒಂದು ತಂಡಕ್ಕೆ ಒಂದು ಕೃತಿ ಕೊಟ್ಟರೆ ಇಡೀ ಸೆಮಿಸ್ಟರ್ ಅದನ್ನೇ ತಿದ್ದುತ್ತಾರೆ. ವಾರ ವಾರ ಮೇಷ್ಟ್ರ ಮುಂದೆ ಕೂರಬೇಕು, ಬೈಸಿಕೊಳ್ಳಬೇಕು, ಮತ್ತೆ ಮೊದಲಿಂದ ನುಡಿಸಬೇಕು. ಅಷ್ಟು ಹೊತ್ತು ಒಂದು ಕೃತಿಗೆ ಕೊಡೋದು ದುಡಿಯುವ ಕಲಾವಿದರಿಗೆ ಎಲ್ಲಿ ಸಾಧ್ಯ? ನನ್ನ ಮಟ್ಟಿಗೆ ಇದೇ ವಿದ್ಯಾರ್ಥಿ ಕಛೇರಿಗಳ ದೊಡ್ಡ ಬಲ. ಉಚಿತ ಅನ್ನೋದು ಆಮೇಲಿನ ಮಾತು.

ಆದರೆ ವಿದ್ಯಾರ್ಥಿ ಕಛೇರಿ ಅಂದರೆ ಎಲ್ಲವೂ ಒಂದೇ ಅಲ್ಲ. ಆಯ್ಕೆ ನಡೆಸಿ ಆರಿಸುವ ಆನರ್ಸ್ ತಂಡಗಳಿಗೆ ಜೋರ್ಡನ್ ಹಾಲಿನಲ್ಲೇ ಪೂರ್ತಿ ಕಛೇರಿ ಸಿಗುತ್ತದೆ. ಇವನ್ನು ಕಣ್ಣುಮುಚ್ಚಿಕೊಂಡು ನಂಬಬಹುದು. ಇನ್ನು ಒಬ್ಬೊಬ್ಬರೇ ಪದವಿಗೋಸ್ಕರ ಕೊಡುವ ರಿಸೈಟಲ್‌ಗಳು. ಇವು ಹೆಚ್ಚಾಗಿ ಅದೇ ಕಟ್ಟಡದ ಬ್ರೌನ್ ಹಾಲ್, ವಿಲಿಯಮ್ಸ್ ಹಾಲ್, ಇಲ್ಲ ಪಕ್ಕದ ಹೊಸ ಕಟ್ಟಡದ ಬರ್ನ್ಸ್ ಹಾಲಿನಲ್ಲಿ ಇರುತ್ತವೆ. ಚಿಕ್ಕ ಕೋಣೆಗಳು. ಮುಂದೆ ಕೂತರೆ ಕಮಾನಿಗೆ ಹಚ್ಚಿದ ರಾಳದ ಪುಡಿ ಉದುರುವುದೂ ಕಾಣುತ್ತದೆ. ಪದವಿ ಅಂದ ಮೇಲೆ ಬಾಖ್‌ನಿಂದ ಹಿಡಿದು ಇತ್ತೀಚಿನವರ ತನಕ ಎಲ್ಲ ಕಾಲದ್ದೂ ಸ್ವಲ್ಪ ಸ್ವಲ್ಪ ಇರುತ್ತದೆ. ಒಂದರಲ್ಲಿ ಹೊಳೆದವರು ಇನ್ನೊಂದರಲ್ಲಿ ಸುಸ್ತಾಗಬಹುದು. ಇಲ್ಲಿ ಅದೃಷ್ಟ ಬೇಕು. ನನ್ನ ಲೆಕ್ಕದಲ್ಲಿ ಅರ್ಧಕ್ಕರ್ಧ.

ಇಲ್ಲಿನ ನಮ್ಮವರ ಭರತನಾಟ್ಯ ರಂಗಪ್ರವೇಶಗಳ ಹಾಗೆ ಹಾಲ್ ಬಾಡಿಗೆ, ಊಟ, ಫೋಟೋ, ವಿಡಿಯೋ ಅಂತ ಸಂಭ್ರಮ ಯಾವುದೂ ಇರಲ್ಲ. ಅಪ್ಪ ಅಮ್ಮ, ರೂಮ್‌ಮೇಟ್‌ಗಳು, ಮೇಷ್ಟ್ರು, ನಾಲ್ಕು ಜನ ನಮ್ಮಂಥವರು. ಮುಗಿದ ಮೇಲೆ ಹೊರಗೆ ಮೇಜಿನ ಮೇಲೆ ಬಿಸ್ಕತ್ತು, ದ್ರಾಕ್ಷಿ. ಅಪರಿಚಿತರಾದರೂ "ತಗೊಳ್ಳಿ" ಅಂತಾರೆ. ನಾನು ಸಂಕೋಚ ಪಡಲ್ಲ.

ಅಮ್ಮ ಮೈಸೂರಿನಿಂದ ಬಂದಿದ್ದಾಗ ಕರೆದುಕೊಂಡು ಹೋಗಿದ್ದು ಇಂಥದೊಂದಕ್ಕೇ. ಅವರು ಬಿಡಾರಂ ಕೃಷ್ಣಪ್ಪನವರ ರಾಮಮಂದಿರದಲ್ಲಿ ಕಛೇರಿ ಕೇಳಿ ಬೆಳೆದವರು. ಗೆಳೆಯರನ್ನು ಸೇರಿಸಿಕೊಂಡು ಹುಡುಗರು ಮೆಂಡೆಲ್ಸನ್‌ನ ಆಕ್ಟೆಟ್ ನುಡಿಸುತ್ತಿದ್ದರು. ಎಂಟು ವಾದ್ಯ, ತಾಳವಾದ್ಯ ಒಂದೂ ಇಲ್ಲ. ಅಮ್ಮ ಕಿವಿಯಲ್ಲಿ ಕೇಳಿದರು.

"ಅಲ್ವೇ, ತಾಳ ಹಾಕೋರೇ ಇಲ್ವಲ್ಲೇ?"

"ಒಳಗೊಳಗೇ ಎಣಿಸ್ಕೋತಾರೆ ಅಮ್ಮ."

ಸ್ವಲ್ಪ ಹೊತ್ತಾದ ಮೇಲೆ ಅವರೇ ಕಂಡುಹಿಡಿದರು. "ನೋಡು, ಆ ತುದಿಯ ಹುಡುಗಿ ಮೂಗಲ್ಲಿ ಉಸಿರು ಎಳ್ಕೋತಾಳೆ. ಆಗ ಎಲ್ರೂ ಎತ್ಕೋತಾರೆ." ನಿಜ. ಮೊದಲ ವಯೊಲಿನ್ನಿನವರ ಆ ಉಸಿರೇ ಎಡುಪು, ಅಂದರೆ ಎತ್ತಿಕೊಳ್ಳುವ ಜಾಗ. ಜೋರ್ಡನ್ ಹಾಲಿನ ಬಾಲ್ಕನಿಯಲ್ಲಿ ಅದು ಕೇಳಲ್ಲ, ಚಿಕ್ಕ ಕೋಣೆಯಲ್ಲಿ ಚೆನ್ನಾಗಿ ಕೇಳುತ್ತದೆ. ಆ ಆಕ್ಟೆಟ್ ಬರೆದಾಗ ಮೆಂಡೆಲ್ಸನ್‌ಗೆ 16 ವರ್ಷ, 1825ರಲ್ಲಿ, ಅಂತ ಹೇಳಿದೆ. "ಹಾಗಾದ್ರೆ ಈ ಹುಡುಗ್ರೇ ಅವನಿಗಿಂತ ದೊಡ್ಡೋರು," ಅಂದರು ಅಮ್ಮ.

ಇನ್ನೊಂದು ಅನುಕೂಲ, ಚಪ್ಪಾಳೆ. ನಾಲ್ಕು ಭಾಗದ ಕೃತಿಯಲ್ಲಿ ಒಂದು ಭಾಗ ಮುಗಿದಾಗ ಚಪ್ಪಾಳೆ ತಟ್ಟಬಾರದು ಅನ್ನೋದು ಇಲ್ಲಿನ ಪದ್ಧತಿ. ಜೋರ್ಡನ್ ಹಾಲಿನ ದೊಡ್ಡ ಕಛೇರಿಯಲ್ಲಿ ತಟ್ಟಿದರೆ ಮುಂದಿನ ಸಾಲಿನ ತಲೆಗಳು ತಿರುಗುತ್ತವೆ. ವಿದ್ಯಾರ್ಥಿ ಕಛೇರಿಯಲ್ಲಿ ಅಜ್ಜಿಯರು, ತಮ್ಮಂದಿರು ತಟ್ಟಿಬಿಡುತ್ತಾರೆ, ಯಾರೂ ಗುರಾಯಿಸಲ್ಲ. ತಲೆದೂಗಿ, ತೊಡೆ ತಟ್ಟಿ, "ಭಲೇ" ಅಂದು ರೂಢಿ ಇರುವ ನಮಗೆ ಇದೇ ವಾಸಿ.

ಗಾರ್ಡ್ನರ್ ಬೇರೆಯದೇ ಲೋಕ. ಇಸಬೆಲ್ಲಾ ಸ್ಟೂವರ್ಟ್ ಗಾರ್ಡ್ನರ್ ಅನ್ನೋ ಸಿರಿವಂತೆ ವೆನಿಸ್ಸಿನ ಅರಮನೆಗಳ ಮಾದರಿಯಲ್ಲಿ ಕಟ್ಟಿಸಿದ ಮ್ಯೂಸಿಯಂ. ಅದೂ ತೆರೆದದ್ದು 1903ರಲ್ಲೇ. ಆರಂಭದ ರಾತ್ರಿ ಬಾಸ್ಟನ್ ಸಿಂಫನಿಯವರಿಂದ ಸಂಗೀತ, ಬಂದವರಿಗೆ ಶಾಂಪೇನ್ ಜೊತೆ ಡೋನಟ್ ಅಂತ ಕತೆ. 2012ರಲ್ಲಿ ರೆಂಜೋ ಪಿಯಾನೋ ಅನ್ನೋ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ ಹೊಸ ಕಟ್ಟಡ ಬಂತು, ಅದರೊಳಗೆ ಕಾಲ್ಡರ್‌ವುಡ್ ಹಾಲ್. ಇದೊಂದು ಘನಾಕಾರದ ಪೆಟ್ಟಿಗೆ. ಕಲಾವಿದರು ತಳದ ನಟ್ಟನಡುವೆ ಕೂರುತ್ತಾರೆ. ಸುತ್ತ ನಾಲ್ಕೂ ಕಡೆ ಕೇಳುಗರು, ಮೇಲೆ ಮೂರು ಬಾಲ್ಕನಿ, ಪ್ರತಿ ಬಾಲ್ಕನಿಯಲ್ಲೂ ಒಂದೇ ಸಾಲು ಸೀಟು. ಒಟ್ಟು ಸುಮಾರು 300. ಹಾಗಾಗಿ ಹೆಚ್ಚುಕಡಿಮೆ ಎಲ್ಲರೂ ಮುಂದಿನ ಸಾಲಿನವರೇ.

ಸ್ಟ್ರಿಂಗ್ ಕ್ವಾರ್ಟೆಟ್ಟಿಗೆ ಇದು ಹೇಳಿ ಮಾಡಿಸಿದ ಜಾಗ. ಮೊದಲ ಬಾಲ್ಕನಿಯಿಂದ ಬಗ್ಗಿ ನೋಡಿದರೆ ಸ್ಟ್ಯಾಂಡಿನ ಮೇಲಿನ ಪೆನ್ಸಿಲ್ ಗುರುತುಗಳೂ ಕಾಣುತ್ತವೆ. ಪಿಯಾನೋ ಬಂತೋ, ಕಷ್ಟ. ಅದರ ಮುಚ್ಚಳ ಒಂದು ಕಡೆಗೆ ತೆರೆಯುತ್ತದೆ, ಶಬ್ದವೂ ಆ ಕಡೆಗೇ ಜಾಸ್ತಿ. ಬೆನ್ನ ಹಿಂದೆ ಕೂತವರಿಗೆ ಉಳಿಕೆ. ಹಾಡುವವರದ್ದೂ ಅದೇ ಕತೆ, ಅರ್ಧ ಜನಕ್ಕೆ ಜುಟ್ಟು ಮಾತ್ರ ದರ್ಶನ. ಟಿಕೆಟ್ ಇದೆ, ಅಗ್ಗವೇನಲ್ಲ. ಆದರೆ ಅದರಲ್ಲೇ ಮ್ಯೂಸಿಯಂ ಪ್ರವೇಶವೂ ಸೇರಿರುತ್ತದೆ. ಬೆಳಿಗ್ಗೆಯೇ ಹೋಗಿ ಚಿತ್ರ ನೋಡಿ, ಮಧ್ಯಾಹ್ನ ಸಂಗೀತ ಕೇಳಿದರೆ ಕೊಟ್ಟ ದುಡ್ಡು ವಸೂಲಿ. ಇಸಬೆಲ್ಲಾ ಅಂತ ಹೆಸರಿರುವವರಿಗೆ ಮ್ಯೂಸಿಯಂ ಪ್ರವೇಶ ಉಚಿತ, ನಮ್ಮಲ್ಲಿ ಆ ಹೆಸರಿನವರು ಕಡಿಮೆ ಅಲ್ವಾ! 1990ರಲ್ಲಿ ಇಲ್ಲಿಂದ 13 ಕಲಾಕೃತಿಗಳು ಕಳುವಾದವು. ಅದರಲ್ಲಿ ಫರ್ಮೀರ್‌ನ ಒಂದು ಚಿತ್ರ ಮೂವರು ಕೂತು ಸಂಗೀತ ನಡೆಸುತ್ತಿರುವ ದೃಶ್ಯವೇ. ಇವತ್ತಿಗೂ ಸಿಕ್ಕಿಲ್ಲ. ಕಳುವಾದ ಚಿತ್ರಗಳ ಖಾಲಿ ಚೌಕಟ್ಟುಗಳನ್ನು ಹಾಗೇ ತೂಗುಹಾಕಿದ್ದಾರೆ.

ಕೇಳುಗರ ವಿಷಯದಲ್ಲಿ ಗಾರ್ಡ್ನರ್ ಸ್ವಲ್ಪ ಗತ್ತಿನ ಜಾಗ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಲು ನನಗೆ ಧೈರ್ಯ ಇಲ್ಲ. ಸುತ್ತಲೂ ಜನ ಇರುವುದರಿಂದ ಮಗು ಆಕಳಿಸಿದರೂ ಎದುರಿನವರಿಗೆ ಕಾಣುತ್ತದೆ. ಮಧ್ಯದಲ್ಲಿ ಎದ್ದು ಹೋಗುವ ಮಾತೇ ಇಲ್ಲ. ಚಿಕ್ಕ ಹಾಲಿನ ರಿಸೈಟಲ್‌ನಲ್ಲಿ ಬಾಗಿಲ ಪಕ್ಕ ಕೂತು ಎರಡು ಕೃತಿಗಳ ನಡುವೆ ಜಾರಿಕೊಳ್ಳಬಹುದು.

ಬೆಂಗಳೂರು, ಮೈಸೂರಿನಲ್ಲಿ ಕೂತು ಓದುತ್ತಿರುವವರಿಗೆ ನಾಲ್ಕನೆಯ ದಾರಿಯೂ ಇದೆ. ಕನ್ಸರ್ವೇಟರಿ ತನ್ನ ಎಷ್ಟೋ ಕಛೇರಿಗಳನ್ನು ನೇರಪ್ರಸಾರ ಮಾಡುತ್ತದೆ. ಇಲ್ಲಿ ಸಂಜೆ ಏಳೂವರೆ ಅಂದರೆ ಅಲ್ಲಿ ಮಾರನೆಯ ದಿನ ಬೆಳಿಗ್ಗೆ ಆರು. ಮಾರ್ಚಿನಿಂದ ನವೆಂಬರ್ ಮೊದಲವರೆಗೆ ಇಲ್ಲಿ ಗಡಿಯಾರ ಮುಂದೆ ಇಟ್ಟಿರುತ್ತಾರೆ, ಆಗ ಬೆಳಿಗ್ಗೆ ಐದು. ನಮ್ಮ ಚಿಕ್ಕಪ್ಪ ಕಾಫಿ ಲೋಟ ಹಿಡಿದುಕೊಂಡು ಕೇಳುತ್ತಾರೆ. ಫೋನಿನ ಸ್ಪೀಕರಿನಲ್ಲಿ ಮಾತ್ರ ಬೇಡ. ಚೆಲ್ಲೋ ಇದೆಯೋ ಇಲ್ಲವೋ ಅನ್ನೋ ಹಾಗೆ ಕೇಳುತ್ತದೆ.

ಈಗ ನನ್ನ ತೀರ್ಪು. ಪಾಶ್ಚಾತ್ಯ ಸಂಗೀತ ಇದೇ ಮೊದಲು ಅನ್ನುವವರು ಆನರ್ಸ್ ತಂಡದ ಕಛೇರಿಯಿಂದ ಶುರುಮಾಡಿ. ಒಳ್ಳೆಯ ಹಾಲ್, ತಿದ್ದಿ ತೀಡಿದ ಕೃತಿ, ದುಡ್ಡಿಲ್ಲ. ಊರಿಂದ ಬಂದವರಿಗೆ ಒಂದು ದಿನ ಮಾತ್ರ ಇದ್ದರೆ ಗಾರ್ಡ್ನರ್, ಆದರೆ ಕ್ವಾರ್ಟೆಟ್ ಇರುವ ಭಾನುವಾರವೇ ನೋಡಿ. ಮಕ್ಕಳು ವಯೊಲಿನ್ ಕಲಿಯುತ್ತಿದ್ದರೆ ಚಿಕ್ಕ ಹಾಲುಗಳ ರಿಸೈಟಲ್. ಬೊರೊಮಿಯೋ ಇದ್ದರೆ ಬೇರೆ ಎಲ್ಲ ಬಿಟ್ಟು ಅಲ್ಲಿಗೇ ಹೋಗಿ. ಪಿಯಾನೋ ಇರುವ ದಿನ ಜೋರ್ಡನ್ ಹಾಲಿನ ಎಡಬದಿಯ ಸೀಟು ಹಿಡಿದರೆ ಬೆರಳು ಕಾಣುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಪದವಿ ಮುಗಿಸುವವರ ನೂಕುನುಗ್ಗಲು, ಒಂದೇ ದಿನ ಹಲವಾರು ರಿಸೈಟಲ್. ಪಟ್ಟಿಯಲ್ಲಿ ಹೆಸರು ನೋಡಿ ಆರಿಸಲು ನಮಗೆ ಯಾರೂ ಗೊತ್ತಿರಲ್ಲ. ನಾನು ಕೃತಿ ನೋಡಿ ಆರಿಸುತ್ತೇನೆ. ಜೊತೆಗೆ ಪಿಯಾನೋ ಮಾತ್ರ ಇರುವ ರಿಸೈಟಲ್‌ಗಿಂತ, ಕೊನೆಯಲ್ಲಿ ಗೆಳೆಯರನ್ನು ಸೇರಿಸಿಕೊಂಡು ಮೂವರ ಟ್ರಯೋನೋ ಐವರ ಕ್ವಿಂಟೆಟ್ಟೋ ನುಡಿಸುವ ರಿಸೈಟಲ್ ಇದ್ದರೆ ಅದಕ್ಕೇ ನನ್ನ ಓಟು. ಕಾರು ಬೇಡ, ಅಲ್ಲಿ ನಿಲ್ಲಿಸಲು ಜಾಗ ಸಿಗಲ್ಲ. ಗ್ರೀನ್ ಲೈನಿನ ಇ ಟ್ರೈನ್ ಹಿಡಿದು ಸಿಂಫನಿ ಸ್ಟಾಪಿನಲ್ಲಿ ಇಳಿದರೆ ಕನ್ಸರ್ವೇಟರಿಗೆ ಎರಡು ನಿಮಿಷದ ನಡಿಗೆ.