ಶಿರಸಿಯ ಒಂದು ರಕ್ತಪರೀಕ್ಷಾ ಕೇಂದ್ರ: ನವಜಾತ ಶಿಶುಗಳ ವರದಿಯ ದೃಷ್ಟಿಯಿಂದ

ಶಿರಸಿ ಪೇಟೆಯಲ್ಲಿ ರಕ್ತಪರೀಕ್ಷೆ ಮಾಡುವ ಲ್ಯಾಬುಗಳಿಗೆ ಈಗ ಕೊರತೆಯಿಲ್ಲ. ಸಕ್ಕರೆ, ಕೊಲೆಸ್ಟೆರಾಲ್ ನೋಡಿಸಿಕೊಳ್ಳುವ ದೊಡ್ಡವರಿಗೆ ಯಾವ ಲ್ಯಾಬಾದರೂ ನಡೆದೀತು. ಹುಟ್ಟಿ ನಾಲ್ಕು ದಿನವಾದ ಮಗುವಿನ ರಕ್ತ ಕೊಡಬೇಕಾಗಿ ಬಂದಾಗ ಮಾತ್ರ ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರ ಕಣ್ಣಿಗೆ ಬೀಳುತ್ತದೆ. ಈ ಮಳೆಗಾಲದಲ್ಲಿ ನನ್ನ ಮಗಳಿಗೆ 33 ವಾರಕ್ಕೇ ಹೆರಿಗೆಯಾಯಿತು. ಮೊಮ್ಮಗಳು ಆಸ್ಪತ್ರೆಯಲ್ಲಿದ್ದಾಗಲೂ, ಆಮೇಲೆ ನಮ್ಮ ಮನೆಯಲ್ಲಿ ಬಾಣಂತನ ನಡೆಯುತ್ತಿದ್ದಾಗಲೂ ಅವಳ ಹೆಚ್ಚಿನ ಪರೀಕ್ಷೆಗಳು ಪೇಟೆಯ ಒಂದೇ ಖಾಸಗಿ ಲ್ಯಾಬಿನಲ್ಲಿ ಆದವು. ಸರ್ಕಾರಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ತಂತ್ರಜ್ಞನಾಗಿದ್ದು ನಿವೃತ್ತನಾದವನು ನಾನು. ವರದಿ ಕೈಗೆ ಬಂದ ಮೇಲೆ ಅಂಕಿಗಿಂತ ಮೊದಲು ಅದರ ಪಕ್ಕದಲ್ಲಿ ಏನೇನು ಬರೆದಿದ್ದಾರೆಂದು ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಮೆಚ್ಚುಗೆಯ ಜೊತೆಗೆ ದೂರುಗಳೂ ಇರುವುದರಿಂದ ಲ್ಯಾಬಿನ ಹೆಸರು ಬರೆಯುತ್ತಿಲ್ಲ. ಇಲ್ಲಿ ಹೇಳಿರುವ ಅಂಶಗಳನ್ನು ಯಾವ ಲ್ಯಾಬಿಗೆ ಹೋದರೂ ಗಮನಿಸಬಹುದು.

ಮೊದಲು ಹೇಳಬೇಕಾದದ್ದು ಅವರ ಚೀಟಿಯ ವಿಚಾರ. ಶಿಶುಗಳಿಗೆಂದೇ ಅವರಲ್ಲಿ ಬೇರೆ ಚೀಟಿಯಿದೆ. ಅದರಲ್ಲಿ ಹುಟ್ಟಿದ ದಿನಾಂಕದ ಜೊತೆಗೆ ಗಂಟೆ, ಎಷ್ಟನೇ ವಾರಕ್ಕೆ ಹೆರಿಗೆಯಾಯಿತು, ಹುಟ್ಟಿದಾಗಿನ ತೂಕ ಎಷ್ಟು ಎಂಬ ಮೂರು ಸಾಲುಗಳನ್ನು ತುಂಬದಿದ್ದರೆ ಕೌಂಟರಿನ ಹುಡುಗಿ ಚೀಟಿಯನ್ನು ತೆಗೆದುಕೊಳ್ಳುವುದೇ ಇಲ್ಲ. ನನ್ನ ಅಳಿಯನಿಗೆ ಇದು ಅನಾವಶ್ಯಕ ಕಿರಿಕಿರಿ ಎನ್ನಿಸಿತ್ತು. ಆದರೆ ನವಜಾತ ಶಿಶುವಿನ ಬಿಲಿರುಬಿನ್ (ಕಾಮಾಲೆಯಲ್ಲಿ ಮೈಯನ್ನು ಹಳದಿಯಾಗಿಸುವ ವಸ್ತು) ಅಂಕಿಗೆ ಈ ಮೂರು ವಿವರಗಳಿಲ್ಲದೆ ಅರ್ಥವೇ ಇಲ್ಲ. ಡೆಸಿಲೀಟರಿಗೆ 12 ಮಿಲಿಗ್ರಾಂ ಎಂಬ ಒಂದೇ ಫಲಿತಾಂಶವನ್ನು ತೆಗೆದುಕೊಳ್ಳೋಣ. ತಿಂಗಳು ತುಂಬಿ ಹುಟ್ಟಿದ, ಬೇರೆ ತೊಂದರೆಯಿಲ್ಲದ ಮಗುವಿಗೆ 96ನೇ ಗಂಟೆಯಲ್ಲಿ ಇದು ಸಾಮಾನ್ಯ ಕಾಮಾಲೆಯ ಮಟ್ಟ. ಅದೇ ಮಗುವಿಗೆ ಮೊದಲ 24 ಗಂಟೆಯೊಳಗೇ ಇಷ್ಟು ಬಂದಿದ್ದರೆ ಅದು ಸಹಜ ಕಾಮಾಲೆಯಲ್ಲ. ತಾಯಿ ಮಗುವಿನ ರಕ್ತದ ಗುಂಪು ಹೊಂದದಿರುವುದೇ ಮೊದಲಾದ ಕಾರಣಗಳನ್ನು ಕೂಡಲೇ ಹುಡುಕಬೇಕಾಗುತ್ತದೆ. ನಮ್ಮ ಮೊಮ್ಮಗಳಂತೆ 32–33 ವಾರಕ್ಕೆ ಹುಟ್ಟಿದ ಮಗುವಾದರೆ 10ರಿಂದ 12ರ ನಡುವೆಯೇ ಬಿಲಿರುಬಿನ್ ಇಳಿಸುವ ನೀಲಿ ದೀಪದಡಿ ಇಡಲು ಶುರುಮಾಡುವುದು ವಾಡಿಕೆ, ಏಕೆಂದರೆ ಅಂಥ ಮಗುವಿನ ಯಕೃತ್ತು ಇನ್ನೂ ಪಕ್ವವಾಗಿರುವುದಿಲ್ಲ ಮತ್ತು ಮಿದುಳಿಗೆ ಕಡಿಮೆ ಮಟ್ಟದಲ್ಲೇ ಅಪಾಯವಾಗಬಹುದು. ಗಂಟೆಗಂಟೆಯ ಲೆಕ್ಕದಲ್ಲಿ ಬಿಲಿರುಬಿನ್ ಓದುವ ನಕ್ಷೆಯನ್ನು ಡಾ. ವಿನೋದ್ ಭುಟಾನಿ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದರು. ಅದು ಅವಧಿ ತುಂಬಿದ ಮತ್ತು ತುಂಬುವ ಹತ್ತಿರಕ್ಕೆ ಬಂದ ಮಕ್ಕಳಿಗಾಗಿ ಮಾಡಿದ್ದು, 33 ವಾರದ ಮಗುವಿಗೆ ಅದನ್ನು ಹಚ್ಚಬಾರದು. ಈ ಲ್ಯಾಬಿನ ವರದಿಯಲ್ಲಿ ಬಿಲಿರುಬಿನ್ ಸಾಲಿನ ಎದುರು ಸಾಮಾನ್ಯ ಮಿತಿ ಎಂದು ಯಾವ ಅಂಕಿಯನ್ನೂ ಅಚ್ಚು ಮಾಡುವುದಿಲ್ಲ. ಮಾದರಿ ತೆಗೆದಾಗ ಮಗುವಿಗೆ ಎಷ್ಟು ಗಂಟೆ ವಯಸ್ಸಾಗಿತ್ತು, ಎಷ್ಟು ವಾರಕ್ಕೆ ಹುಟ್ಟಿದ್ದು ಎಂದಷ್ಟೇ ಬರೆದು ತೀರ್ಮಾನವನ್ನು ಮಕ್ಕಳ ವೈದ್ಯರಿಗೆ ಬಿಟ್ಟಿರುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ಸರಿಯಾದ ಕ್ರಮ.

ರಕ್ತ ತೆಗೆಯುವ ರೀತಿಯ ಬಗ್ಗೆಯೂ ಒಳ್ಳೆಯ ಮಾತನ್ನೇ ಹೇಳಬೇಕು. ಇಲ್ಲಿನ ಹಿರಿಯ ತಂತ್ರಜ್ಞೆ ಮೊದಲು ಮಗುವಿನ ಹಿಮ್ಮಡಿಗೆ ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸುತ್ತಿ ಕೆಲವು ನಿಮಿಷ ಬಿಟ್ಟರು. ಆಮೇಲೆ ಹಿಮ್ಮಡಿಯ ಹಿಂಬದಿಯ ಗುಂಡಗಿನ ಭಾಗವನ್ನು ಬಿಟ್ಟು, ಅಂಗಾಲಿನ ಹೊರ ಅಂಚಿನ ಕಡೆಗೆ ಚುಚ್ಚಿ, ಮೊದಲ ಹನಿಯನ್ನು ಒರೆಸಿ ಎಸೆದು, ಮುಂದಿನ ಹನಿಗಳು ತಾವಾಗಿಯೇ ಮೂಡಲು ಕಾದರು. ನನ್ನ ಮಗಳು ಅವಸರಪಟ್ಟು, “ಸ್ವಲ್ಪ ಒತ್ತಿದರೆ ಬೇಗ ಬರುತ್ತಿತ್ತಲ್ಲ, ಮೇಡಂ?” ಎಂದು ಕೇಳಿದಾಗ, “ಒತ್ತಿದರೆ ರಕ್ತಕಣ ಒಡೆಯುತ್ತದೆ ತಂಗಿ, ಆಮೇಲೆ ಪೊಟ್ಯಾಸಿಯಂ ಸುಳ್ಳು ಹೇಳುತ್ತದೆ” ಎಂದರು. ಪ್ರತಿ ಹನಿ ಬಿದ್ದಾಗಲೂ ಬೆರಳುದ್ದವೂ ಇಲ್ಲದ ಆ ನಳಿಕೆಯನ್ನು ಬೆರಳ ತುದಿಯಲ್ಲಿ ಮೆಲ್ಲಗೆ ಓಲಾಡಿಸುತ್ತಿದ್ದರು. ಬಿಲಿರುಬಿನ್ ಮಾದರಿಯನ್ನಂತೂ ತುಂಬಿದ ಕೂಡಲೇ ಕಪ್ಪು ಕಾಗದದಲ್ಲಿ ಸುತ್ತಿದರು, ಏಕೆಂದರೆ ಬೆಳಕು ಬಿದ್ದರೆ ಬಿಲಿರುಬಿನ್ ಕರಗುತ್ತಾ ಹೋಗಿ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ತೆಗೆಯುವ ಪ್ರಮಾಣದಲ್ಲೂ ಜಿಪುಣತನವಿದೆ, ಇರಬೇಕಾದದ್ದೇ. ಎರಡು ಕಿಲೋ ತೂಗುವ, ಅವಧಿಗೆ ಮುನ್ನ ಹುಟ್ಟಿದ ಮಗುವಿನ ಮೈಯಲ್ಲಿ ಒಟ್ಟು ಸುಮಾರು 180 ಮಿಲಿಲೀಟರ್ ರಕ್ತವಿರುತ್ತದೆ. ಅದರಿಂದ 2 ಮಿಲಿಲೀಟರ್ ತೆಗೆಯುವುದೆಂದರೆ ದೊಡ್ಡವರಿಂದ 50 ಮಿಲಿಲೀಟರಿಗೂ ಹೆಚ್ಚು ತೆಗೆದ ಹಾಗೆ.

ಒಮ್ಮೆ ರಕ್ತದ ಪೂರ್ಣ ಎಣಿಕೆಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ 68,000 ಎಂದು ಯಂತ್ರ ತೋರಿಸಿತ್ತಂತೆ. ನವಜಾತ ಶಿಶುವಿನಲ್ಲೂ ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕು. 68,000 ಎಂದರೆ ಸೋಂಕಿನ ಭಯ ಹುಟ್ಟುವ ಅಂಕಿ. ಲ್ಯಾಬಿನವರು ಆ ವರದಿಯನ್ನು ಹಾಗೆಯೇ ಕಳಿಸಲಿಲ್ಲ. ಗಾಜಿನ ಪಟ್ಟಿಯ ಮೇಲೆ ರಕ್ತ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಅಂಟಿಕೊಂಡು ಲೆಕ್ಕಕ್ಕೆ ಸಿಕ್ಕಿಲ್ಲ ಎಂದು ಆಸ್ಪತ್ರೆಗೆ ಫೋನ್ ಮಾಡಿ, ರಕ್ತನಾಳದಿಂದ ಇನ್ನೊಂದು ಮಾದರಿ ಕೇಳಿದರು. ಅದರಲ್ಲಿ ಬಂದದ್ದು 2,10,000. ಹಿಮ್ಮಡಿಯಿಂದ ಹನಿಹನಿಯಾಗಿ ಬರುವ ರಕ್ತ ಹೆಪ್ಪುಗಟ್ಟಲು ತೊಡಗುವುದು ಸಾಮಾನ್ಯ ಸಂಗತಿ. ಅದನ್ನು ಹಿಡಿಯಲು ಕಣ್ಣು ಬೇಕು, ಯಂತ್ರ ಸಾಲದು. ಬಿಳಿ ರಕ್ತಕಣಗಳ ವಿಷಯದಲ್ಲೂ ಇದೇ ಎಚ್ಚರವಿದೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ರಕ್ತದಲ್ಲಿ ಕೋಶಕೇಂದ್ರವಿರುವ ಎಳೆಯ ಕೆಂಪುಕಣಗಳು ಹೆಚ್ಚಿರುತ್ತವೆ. ಅನೇಕ ಯಂತ್ರಗಳು ಇವನ್ನೂ ಬಿಳಿಕಣಗಳೆಂದು ಎಣಿಸಿಬಿಡುತ್ತವೆ. ಇವರು ಕೈಲೆಕ್ಕದಿಂದ ತಿದ್ದಿದ ಸಂಖ್ಯೆಯನ್ನೇ ಕೊಡುತ್ತಾರೆ.

ಇಷ್ಟೆಲ್ಲ ಜಾಗ್ರತೆ ಮಾಡುವ ಜನ ವರದಿ ಅಚ್ಚು ಮಾಡುವ ಹೊತ್ತಿಗೆ ಯಾಕೆ ಕೈಬಿಡುತ್ತಾರೆಂಬುದು ನನಗೆ ಅರ್ಥವಾಗಿಲ್ಲ. ಬಿಲಿರುಬಿನ್ ಒಂದನ್ನು ಬಿಟ್ಟು ಉಳಿದ ಸಾಲುಗಳ ಎದುರಿಗೆಲ್ಲ ಅಚ್ಚಾಗುವುದು ದೊಡ್ಡವರ ಮಿತಿಗಳು. ಹೀಗಾಗಿ ಆರೋಗ್ಯವಾಗಿರುವ ಮಗುವಿನ ವರದಿಯಲ್ಲೂ ಕೆಂಪು ಶಾಯಿಯ ‘ಎಚ್’ (ಹೆಚ್ಚು) ಮತ್ತು ‘ಎಲ್’ (ಕಡಿಮೆ) ಅಕ್ಷರಗಳು ತುಂಬಿರುತ್ತವೆ. ಹುಟ್ಟಿ ಒಂದು ತಿಂಗಳಾದ ಮಗುವಿಗೆ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕುವ ತ್ಯಾಜ್ಯ) 0.4 ಬಂದದ್ದಕ್ಕೆ ಕಡಿಮೆ ಎಂಬ ಗುರುತು ಹಾಕಿದ್ದರು. ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ಕ್ರಿಯಾಟಿನಿನ್ ತಾಯಿಯದನ್ನೇ ತೋರಿಸುತ್ತದೆ, ತಿಂಗಳು ತುಂಬಿ ಹುಟ್ಟಿದ ಮಗುವಿನಲ್ಲಿ ಒಂದೆರಡು ವಾರದಲ್ಲಿ 0.2–0.4ರ ಮಟ್ಟಕ್ಕೆ ಇಳಿಯುತ್ತದೆ, ಅವಧಿಗೆ ಮುನ್ನ ಹುಟ್ಟಿದ ಮಗುವಿನಲ್ಲಿ ಮೊದಲು ತುಸು ಏರಿ ಆಮೇಲೆ ನಿಧಾನವಾಗಿ ಇಳಿಯುತ್ತದೆ, 0.4 ಎಂದರೆ ಮೂತ್ರಪಿಂಡ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಹಾಗೆಯೇ ಎಲುಬು, ಯಕೃತ್ತುಗಳಿಂದ ಬರುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಹೆಚ್ಚು ಎಂಬ ಗುರುತು. ಎಲುಬು ಬೆಳೆಯುವ ಕಾಲದಲ್ಲಿ ಅದು ದೊಡ್ಡವರ ಎರಡು ಮೂರು ಪಟ್ಟು ಇರುವುದು ಸಹಜ.

ಹಿಮೋಗ್ಲೋಬಿನ್ ವಿಷಯದಲ್ಲಿ ಮನೆಯಲ್ಲಿ ದೊಡ್ಡ ರಗಳೆಯೇ ಆಯಿತು. ಹುಟ್ಟಿದಾಗ 16ರ ಮೇಲಿದ್ದದ್ದು ಆರನೇ ವಾರಕ್ಕೆ 8.9ಕ್ಕೆ ಇಳಿದಿತ್ತು, ವರದಿಯಲ್ಲಿ ಕೆಂಪು ಗುರುತು ಬಿದ್ದಿತ್ತು. ವಾಟ್ಸಾಪಿನಲ್ಲಿ ಬಂದ ಅದನ್ನು ನೋಡಿ ಮಗಳು ಅತ್ತಳು. ಬೀಗಿತಿಯವರು ಕುಮಟಾದಿಂದ ಫೋನ್ ಮಾಡಿ ಬಾಣಂತಿಯ ಪಥ್ಯ ತಪ್ಪಿದ್ದೇ ಇದಕ್ಕೆ ಕಾರಣ ಎಂದರು. ನಿಜವಾದ ಕಾರಣ ಬೇರೆ. ಗರ್ಭದಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ಮಗು ಕೆಂಪುಕಣಗಳನ್ನು ಹೇರಳವಾಗಿ ಮಾಡಿಕೊಂಡಿರುತ್ತದೆ. ಹುಟ್ಟಿ ಉಸಿರಾಡಲು ತೊಡಗಿದೊಡನೆ ಆಮ್ಲಜನಕ ಸಾಕಷ್ಟು ಸಿಕ್ಕಿ, ಕಣಗಳ ಉತ್ಪತ್ತಿಗೆ ಪ್ರೇರಣೆ ಕೊಡುವ ಎರಿತ್ರೊಪೊಯಟಿನ್ ಎಂಬ ಹಾರ್ಮೋನು ಇಳಿದುಹೋಗುತ್ತದೆ. ಗರ್ಭದಲ್ಲಿ ಆದ ಕೆಂಪುಕಣಗಳ ಆಯುಷ್ಯವೂ ದೊಡ್ಡವರ ಕಣಗಳಿಗಿಂತ ಕಡಿಮೆ, ಇತ್ತ ಮಗುವಿನ ತೂಕ ಏರುತ್ತಿರುವುದರಿಂದ ಇದ್ದ ಕಣಗಳೂ ಹೆಚ್ಚು ರಕ್ತದಲ್ಲಿ ಹಂಚಿಹೋಗುತ್ತವೆ. ತಿಂಗಳು ತುಂಬಿದ ಮಗುವಿನಲ್ಲಿ ಈ ಇಳಿಕೆ 8ರಿಂದ 12 ವಾರದ ನಡುವೆ ತಳ ಮುಟ್ಟಿ 9ರಿಂದ 11ಕ್ಕೆ ನಿಲ್ಲುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಗುವಿನಲ್ಲಿ ಅದಕ್ಕಿಂತ ಬೇಗ, ಅದಕ್ಕಿಂತ ಕೆಳಗೆ ಹೋಗುತ್ತದೆ. ಹಾಲು ಕುಡಿಯುತ್ತ, ತೂಕ ಏರುತ್ತ ಇರುವ ಮಗುವಿನಲ್ಲಿ 8.9 ನೋಡಿ ಗಾಬರಿಯಾಗಬೇಕಿರಲಿಲ್ಲ. ಮಕ್ಕಳ ವೈದ್ಯರು ರೆಟಿಕ್ಯುಲೊಸೈಟ್ (ಹೊಸದಾಗಿ ಹುಟ್ಟಿದ ಕೆಂಪುಕಣ) ಎಣಿಕೆ ಮಾಡಿಸಿ, ಮೊದಲೇ ಶುರುವಾಗಿದ್ದ ಕಬ್ಬಿಣದ ಹನಿಯನ್ನೇ ಮುಂದುವರಿಸಲು ಹೇಳಿದರು. ಹಿಮ್ಮಡಿಯ ರಕ್ತದಲ್ಲಿ ಹಿಮೋಗ್ಲೋಬಿನ್ ರಕ್ತನಾಳದ್ದಕ್ಕಿಂತ ಹೆಚ್ಚು ತೋರಿಸುತ್ತದೆಯಾದ್ದರಿಂದ ಮಾದರಿ ಎಲ್ಲಿಂದ ತೆಗೆದದ್ದು ಎಂದು ಲ್ಯಾಬಿನವರು ವರದಿಯಲ್ಲಿ ಬರೆದಿದ್ದರು. ಅಷ್ಟು ಬರೆಯುವವರಿಗೆ ಕೆಂಪು ಗುರುತನ್ನು ತೆಗೆಯುವುದು ಕಷ್ಟವಾಗಬಾರದಿತ್ತು. ಕೇಳಿದರೆ, “ಅದು ಸಾಫ್ಟ್‌ವೇರಿನಲ್ಲೇ ಹಾಗೆ ಬರುವುದು ಸರ್” ಎಂಬ ಉತ್ತರ ಸಿಕ್ಕಿತು.

ಸೋಂಕಾದಾಗ ಏರುವ ಸಿ-ರಿಯಾಕ್ಟಿವ್ ಪ್ರೋಟೀನ್ ಪರೀಕ್ಷೆಯನ್ನು ಇವರು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಕರಾವಳಿಯ ಕಡೆಯ ಇನ್ನೊಂದು ಲ್ಯಾಬಿನ ವರದಿ ಡೆಸಿಲೀಟರ್ ಲೆಕ್ಕದಲ್ಲಿ ಇರುತ್ತದೆ, ಅಲ್ಲಿಯ 0.6, ಇಲ್ಲಿಯ 6 ಎರಡೂ ಒಂದೇ. ಎರಡು ಕಡೆಯ ವರದಿಗಳನ್ನು ಪಕ್ಕಪಕ್ಕ ಇಟ್ಟು ಹತ್ತು ಪಟ್ಟು ಏರಿತೆಂದು ತಿಳಿಯುವ ಮನೆಯವರು ಎಷ್ಟೋ ಜನ. ಸೋಂಕು ಶುರುವಾದ ಮೇಲೂ ಈ ಪ್ರೋಟೀನು ಏರಲು 6ರಿಂದ 12 ಗಂಟೆ ಬೇಕಾಗುವುದರಿಂದ ಮೊದಲ ಮಾದರಿಯಲ್ಲಿ ಕಡಿಮೆ ಬಂದ ಮಾತ್ರಕ್ಕೆ ಸೋಂಕಿಲ್ಲ ಎನ್ನಲಾಗದು. ರಕ್ತದ ಸಕ್ಕರೆಗೆ ಫ್ಲೋರೈಡ್ ಇರುವ ನಳಿಕೆಯನ್ನೇ ಬಳಸುತ್ತಾರೆ, ಒಳ್ಳೆಯದು. ಇಲ್ಲವಾದರೆ ಮಾದರಿ ಮೇಜಿನ ಮೇಲಿದ್ದಷ್ಟು ಹೊತ್ತೂ ರಕ್ತಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ.

ಥೈರಾಯ್ಡ್ ಪರೀಕ್ಷೆಯ ಮಾದರಿಗಳು ಹುಬ್ಬಳ್ಳಿಗೆ ಹೋಗುತ್ತವೆ, ಹೀಗಾಗಿ ಮಳೆ ಜೋರಿದ್ದ ವಾರದಲ್ಲಿ ವರದಿ ತಡವಾಯಿತು. ಆದರೆ ಮಾದರಿ ತೆಗೆಯುವ ವೇಳೆಯ ಬಗ್ಗೆ ಇವರು ಗಟ್ಟಿಯಾಗಿದ್ದಾರೆ. ಹುಟ್ಟಿದ ಅರ್ಧ ಗಂಟೆಯಲ್ಲಿ ಟಿಎಸ್ಎಚ್ (ಥೈರಾಯ್ಡ್ ಗ್ರಂಥಿಯನ್ನು ಪ್ರೇರೇಪಿಸುವ ಹಾರ್ಮೋನು) ಎಲ್ಲ ಮಕ್ಕಳಲ್ಲೂ ತಾನಾಗಿಯೇ ಮೇಲಕ್ಕೆ ಜಿಗಿದು, ಆಮೇಲೆ ಎರಡು ಮೂರು ದಿನಗಳಲ್ಲಿ ಇಳಿಯುವುದರಿಂದ 48 ಗಂಟೆ ಕಳೆಯದೆ ಮಾದರಿ ಬೇಡ ಎಂದು ಆಸ್ಪತ್ರೆಯ ನರ್ಸಿಗೆ ಇವರೇ ಹೇಳಿ ಕಳಿಸಿದ್ದರು. ಅವಧಿಗೆ ಮುನ್ನ ಹುಟ್ಟಿದ ಮಗುವಿನಲ್ಲಿ ಟಿಎಸ್ಎಚ್ ತಡವಾಗಿ ಏರಬಹುದಾದ್ದರಿಂದ 2ರಿಂದ 4 ವಾರದೊಳಗೆ ಇನ್ನೊಮ್ಮೆ ನೋಡಬೇಕೆಂಬುದನ್ನು ವರದಿಯ ಕೆಳಗೆ ಕನ್ನಡದಲ್ಲೇ ಬರೆದಿದ್ದರು.

ಕೊನೆಯ ದೂರು ಗಂಭೀರವಾದದ್ದು. ಬಿಲಿರುಬಿನ್ ಎಂದು ಕೇಳಿದರೆ ಇವರು ಒಟ್ಟು ಬಿಲಿರುಬಿನ್ ಮಾತ್ರ ಮಾಡಿ ಕೊಡುತ್ತಾರೆ, ಅದರಲ್ಲಿ ಯಕೃತ್ತು ಸಂಸ್ಕರಿಸಿದ ಭಾಗವಾದ ಡೈರೆಕ್ಟ್ ಬಿಲಿರುಬಿನ್ ಬೇಕೆಂದು ಬೇರೆಯಾಗಿ ಬರೆಸಬೇಕು, ಬೇರೆ ದರ ಕೊಡಬೇಕು. ಮೊದಲ ವಾರದಲ್ಲಿ ಇದರಿಂದ ಹೆಚ್ಚು ನಷ್ಟವಿಲ್ಲ. ತಿಂಗಳು ತುಂಬಿದ ಮಗುವಿನಲ್ಲಿ ಎರಡು ವಾರ, ಅವಧಿಗೆ ಮುನ್ನ ಹುಟ್ಟಿದ ಮಗುವಿನಲ್ಲಿ ಮೂರು ವಾರ ದಾಟಿದರೂ ಕಾಮಾಲೆ ಉಳಿದಿದ್ದರೆ, ಅದರಲ್ಲೂ ಮಗುವಿನ ಮಲ ಸುಣ್ಣದ ಹಾಗೆ ಬಿಳಿಚಿದ್ದರೆ, ಡೈರೆಕ್ಟ್ ಬಿಲಿರುಬಿನ್ ನೋಡಲೇಬೇಕು. ಅದು 1 ಮಿಲಿಗ್ರಾಂ ದಾಟಿದ್ದರೆ ಪಿತ್ತನಾಳ ಮುಚ್ಚಿಹೋಗಿರುವ ಕಾಯಿಲೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕಾಗುತ್ತದೆ, ಅದಕ್ಕೆ ಬೇಕಾದ ಶಸ್ತ್ರಚಿಕಿತ್ಸೆ 60 ದಿನದೊಳಗೆ ಆದರೆ ಫಲ ಹೆಚ್ಚು. ನಮ್ಮ ಕಡೆ ಇಂಥ ಹೊತ್ತಿನಲ್ಲಿ ಎಳೆಬಿಸಿಲಿಗೆ ಹಿಡಿದರೆ ಹೋಗುತ್ತದೆ ಎನ್ನುವವರೇ ಹೆಚ್ಚು. ಆಷಾಢದ ಶಿರಸಿಯಲ್ಲಿ ಬಿಸಿಲನ್ನು ಎಲ್ಲಿಂದ ತರುತ್ತಾರೋ! ಬಿಸಿಲಿದ್ದರೂ ಅದು ಈ ಕಾಯಿಲೆಗೆ ಮದ್ದಲ್ಲ.

ದರ ಪೇಟೆಯ ಉಳಿದ ಕಡೆಗಿಂತ ಸ್ವಲ್ಪ ಹೆಚ್ಚು. ಲ್ಯಾಬು ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಸಿಸೇರಿಯನ್ ಆದ ಬಾಣಂತಿ ಆ ಮೆಟ್ಟಿಲು ಹತ್ತುವುದು ಕಷ್ಟ, ಆದರೆ ಕೆಳಗಿನಿಂದ ಫೋನ್ ಮಾಡಿದರೆ ಕಾರಿನ ಬಳಿಗೇ ಬಂದು ಮಾದರಿ ತೆಗೆಯುತ್ತಾರೆ. ಮನೆಗೆ ಬರುವುದು ಪೇಟೆಯ ಒಳಗೆ ಮಾತ್ರ. ಭಾನುವಾರ ಮಧ್ಯಾಹ್ನ ಮುಚ್ಚುತ್ತಾರೆ. ಆಸ್ಪತ್ರೆಯ ಬಿಡುಗಡೆ ಚೀಟಿಯನ್ನು ಜೊತೆಗೆ ಒಯ್ದರೆ ಗಂಟೆ, ವಾರ, ತೂಕಗಳನ್ನು ಅವರೇ ನೋಡಿ ಬರೆದುಕೊಳ್ಳುತ್ತಾರೆ.