ಡೈರೆಕ್ಟರಿ ಸಾಫ್ಟ್‌ವೇರ್ ರಿವ್ಯೂ: ಕೆಲಸ ಮಾಡುತ್ತೆ, ಆದ್ರೆ ಮೆನುವಿನಲ್ಲಿರೋ ಪದಗಳು ತಲೆ ತಿಂತಾವೆ

ಬಿಸಿನೆಸ್ ಡೈರೆಕ್ಟರಿ ಸೈಟ್ ಮಾಡೋ ಸಾಫ್ಟ್‌ವೇರ್ ಒಂದನ್ನ ಕೊಂಡು ಬಳಸ್ತಾ ಇದೀನಿ, ವೆಬ್‌ಸೈಟ್ ಕಟ್ಟೋ ವರ್ಡ್‌ಪ್ರೆಸ್ ಮೇಲೆ ಕೂರೋ ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಸೇರಿಸೋ ತುಣುಕು) ಜಾತಿದು. ಐದಕ್ಕೆ ಮೂರೂವರೆ ಸ್ಟಾರ್ ಕೊಡ್ತೀನಿ. ಹೆಸರು ಬೇಡ, ಯಾಕಂದ್ರೆ ಕೆಳಗೆ ಹೇಳೋದ್ರಲ್ಲಿ ಮುಕ್ಕಾಲು ಭಾಗ ಈ ಜಾತಿಯ ಬೇರೆ ಸಾಫ್ಟ್‌ವೇರ್‌ಗಳಿಗೂ ಹೊಂದುತ್ತೆ. ಇದರ ಸೇಲ್ಸ್ ಪೇಜ್‌ನಲ್ಲಿ ಕ್ಲೇಮ್, ಫೀಚರ್ಡ್, ಲೀಡ್, ಜಿಯೋಕೋಡಿಂಗ್, ಸ್ಕೀಮಾ ಅಂತ ಸಾಲಾಗಿ ಟಿಕ್ ಮಾರ್ಕ್ ಹಾಕಿದಾರೆ, ಅವೆಲ್ಲಾ ಇರೋದೂ ನಿಜ, ಆದ್ರೆ ಒಂದೊಂದು ಪದದ ಹಿಂದೆ ಆ ಸಾಫ್ಟ್‌ವೇರ್ ಏನು ಮಾಡುತ್ತೆ ಅನ್ನೋದು ಬೇರೆ ಬೇರೆ, ಟಿಕ್ ಮಾರ್ಕ್ ನೋಡಿ ಕೊಂಡ್ರೆ ಆಮೇಲೆ ಗೊತ್ತಾಗೋದು. ಹಂಗಾಗಿ ಇದು ಅರ್ಧ ರಿವ್ಯೂ, ಇನ್ನರ್ಧ ಆ ಪದಗಳ ಕಥೆ.

ಮೊದಲು ಲಿಸ್ಟಿಂಗ್. ಒಂದು ಬಿಸಿನೆಸ್‌ಗೆ ಒಂದು ಪೇಜು, ಹೆಸರು, ಅಡ್ರೆಸ್, ಫೋನು, ಟೈಮಿಂಗ್ಸ್, ಫೋಟೋ, ಅಷ್ಟೇ. ಇಷ್ಟು ಸರಳವಾದ ವಿಷಯಕ್ಕೂ ಈ ಸಾಫ್ಟ್‌ವೇರ್ ಮೂರು ಹೆಸರಿಟ್ಟಿದೆ, ಅಡ್ಮಿನ್ ಮೆನುವಿನಲ್ಲಿ ಲಿಸ್ಟಿಂಗ್, ಸಬ್‌ಮಿಟ್ ಫಾರಂನಲ್ಲಿ ಎಂಟ್ರಿ, ಓನರ್‌ಗೆ ಹೋಗೋ ಮೇಲ್‌ನಲ್ಲಿ ಆಡ್. ಮೇಲ್ ನೋಡಿದ ಓನರ್ "ನಾನು ಜಾಹೀರಾತು ಕೊಟ್ಟೇ ಇಲ್ವಲ್ಲ, ಎಕ್ಸ್‌ಪೈರ್ ಆಗೋದೆಲ್ಲಿಂದ ಬಂತು" ಅಂತ ಕೇಳ್ತಾರೆ, ಅವರ ತಪ್ಪೇನಿಲ್ಲ. ಟೆಂಪ್ಲೇಟ್ ಎಡಿಟ್ ಮಾಡಿ ಎಲ್ಲಾ ಕಡೆ ಒಂದೇ ಪದ ಹಾಕಿದ್ಮೇಲೆ ಅಂಥ ಮೇಲ್ ನಿಂತಿತು. ಸ್ಟೇಟಸ್ ವಿಷಯದಲ್ಲಿ ಮಾತ್ರ ಮೆಚ್ಚಬೇಕು, ಡ್ರಾಫ್ಟ್, ಪೆಂಡಿಂಗ್, ಪಬ್ಲಿಶ್ಡ್, ಎಕ್ಸ್‌ಪೈರ್ಡ್ ಅಂತ ನೀಟಾಗಿ ಬೇರೆ ಮಾಡಿದಾರೆ, ಎಕ್ಸ್‌ಪೈರ್ ಆಗಿದ್ದು ಡಿಲೀಟ್ ಆಗಲ್ಲ, ಪಬ್ಲಿಕ್‌ಗೆ ಕಾಣಲ್ಲ ಅಷ್ಟೇ, ರಿನ್ಯೂ ಮಾಡಿದ ತಕ್ಷಣ ಹಳೇ ಯುಆರ್‌ಎಲ್‌ನಲ್ಲೇ ವಾಪಸ್ ಬರುತ್ತೆ.

ಈಗ ಕೆಟಗರಿ, ಟ್ಯಾಗ್, ಲೊಕೇಶನ್, ಕಸ್ಟಮ್ ಫೀಲ್ಡ್. ಹೊಸಬರು ಹೆಚ್ಚು ಒದ್ದಾಡೋದು ಇಲ್ಲೇ. ಕೆಟಗರಿ ಅಂದ್ರೆ ಒಂದರೊಳಗೆ ಇನ್ನೊಂದು ಇರೋದು, ಆಸ್ಪತ್ರೆ ಅದರೊಳಗೆ ಕಣ್ಣಿನ ಆಸ್ಪತ್ರೆ, ಪ್ರತಿಯೊಂದಕ್ಕೂ ತನ್ನದೇ ಪೇಜು ಇರುತ್ತೆ, ಗೂಗಲ್‌ನಿಂದ ಜನ ನೇರವಾಗಿ ಬಂದು ಇಳಿಯೋದೂ ಸಾಮಾನ್ಯವಾಗಿ ಆ ಪೇಜಿಗೇ. ಟ್ಯಾಗ್ ಅಂದ್ರೆ ಲಿಸ್ಟಿಂಗ್‌ಗೆ ಅಂಟಿಸೋ ಚೀಟಿ ಥರದ ಪದ, ಅದಕ್ಕೆ ಮೇಲು ಕೆಳಗು ಇಲ್ಲ, ಚಪ್ಪಟೆ. ಕಸ್ಟಮ್ ಫೀಲ್ಡ್ ಅಂದ್ರೆ ಪಾರ್ಕಿಂಗ್ ಇದೆಯಾ, ಭಾನುವಾರ ತೆಗೆದಿರುತ್ತಾ, ಕಾರ್ಡ್ ತಗೋತಾರಾ ಅನ್ನೋ ಥರದ್ದು, ಅದಕ್ಕೆ ಪೇಜ್ ಬೇಕಾಗಿಲ್ಲ, ಸರ್ಚ್ ಪಕ್ಕದಲ್ಲಿ ಫಿಲ್ಟರ್ ಆಗಿ ಬಂದ್ರೆ ಸಾಕು. ಈ ಫಿಲ್ಟರ್‌ಗಳನ್ನ ಒಂದರ ಮೇಲೊಂದು ಟಿಕ್ ಮಾಡ್ತಾ ಹೋದಂಗೆ ರಿಸಲ್ಟ್ ಕಡಿಮೆ ಆಗ್ತಾ ಬರೋದಕ್ಕೇ ಫೆಸೆಟೆಡ್ ಸರ್ಚ್ ಅನ್ನೋದು. "ಭಾನುವಾರ ತೆಗೆದಿರೋ ಕಣ್ಣಿನ ಆಸ್ಪತ್ರೆ" ಅಂತ ಕೆಟಗರಿ ಮಾಡೋರನ್ನ ನೋಡಿದೀನಿ, ದಯವಿಟ್ಟು ಬೇಡ.

ಈ ಸಾಫ್ಟ್‌ವೇರ್‌ನಲ್ಲಿ ಲೊಕೇಶನ್‌ಗೂ ಕೆಟಗರಿ ಥರಾನೇ ಒಂದರೊಳಗೊಂದು ಇರೋ ಬೇರೆ ಪಟ್ಟಿ ಇದೆ, ಅದು ಒಳ್ಳೇದು, ಆದ್ರೆ ಡೀಫಾಲ್ಟ್ ಆಗಿ ಕೆಟಗರಿ ಗುಣಿಸು ಲೊಕೇಶನ್ ಅಂತ ಎಲ್ಲಾ ಜೋಡಿಗೂ ಪೇಜ್ ಹುಟ್ಟಿಸಿಬಿಡುತ್ತೆ. 40 ಕೆಟಗರಿ, 200 ಜಾಗ ಇದ್ರೆ 8,000 ಪೇಜು, ಅದ್ರಲ್ಲಿ ಬಹುಪಾಲು "ಇಲ್ಲಿ ಏನೂ ಇಲ್ಲ" ಅಂತ ಹೇಳೋ ಖಾಲಿ ಪೇಜುಗಳು, ಅವೆಲ್ಲಾ ಸೈಟ್‌ಮ್ಯಾಪ್‌ಗೂ, ಅಂದ್ರೆ ಸರ್ಚ್ ಎಂಜಿನ್‌ಗೆ ಕೊಡೋ ಪೇಜುಗಳ ಪಟ್ಟಿಗೂ ಹೋಗುತ್ತೆ. ಒಂದು ಸೈಟ್‌ಮ್ಯಾಪ್ ಫೈಲ್‌ಗೆ 50,000 ಯುಆರ್‌ಎಲ್ ಮಿತಿ ಇದೆ, ಅದು ದಾಟೋದಿಲ್ಲ ಬಿಡಿ, ತೊಂದರೆ ಏನಂದ್ರೆ ಸರ್ಚ್ ಎಂಜಿನ್ ಬಂದಾಗ ಅಸಲಿ ಪೇಜ್ ಬಿಟ್ಟು ಇವನ್ನ ತಡಕಾಡ್ತಾ ಕೂರುತ್ತೆ. ಖಾಲಿ ಪೇಜ್‌ಗಳನ್ನ ಸರ್ಚ್ ಎಂಜಿನ್‌ನ ಪಟ್ಟಿಗೆ (ಇಂಡೆಕ್ಸ್) ಬಿಡಬೇಡ ಅನ್ನೋ ಸೆಟ್ಟಿಂಗ್ ಇದೆ, ಅಡ್ವಾನ್ಸ್ಡ್ ಅನ್ನೋ ಟ್ಯಾಬ್‌ನ ತಳದಲ್ಲಿ ಇಟ್ಟಿದಾರೆ, ಯಾಕೋ.

ಕಸ್ಟಮ್ ಫೀಲ್ಡ್ ಬಗ್ಗೆ ಇನ್ನೊಂದು ಮಾತು, ಸ್ವಲ್ಪ ಟೆಕ್ನಿಕಲ್. ವರ್ಡ್‌ಪ್ರೆಸ್‌ಗೆ ಕಸ್ಟಮ್ ಪೋಸ್ಟ್ ಟೈಪ್, ಅಂದ್ರೆ ನಮಗೆ ಬೇಕಾದ ಹೊಸ ಥರದ ಪೇಜ್ ಮಾಡ್ಕೊಳ್ಳೋ ಅನುಕೂಲ, ಸರಿಯಾಗಿ ಬಂದಿದ್ದು 2010ರ 3.0 ವರ್ಷನ್‌ನಲ್ಲಿ, ಅಲ್ಲಿಂದ ಈಚೆಗೆ ತುಂಬಾ ಡೈರೆಕ್ಟರಿ ಪ್ಲಗಿನ್‌ಗಳು ಲಿಸ್ಟಿಂಗನ್ನ ಒಂದು ಪೋಸ್ಟ್ ಟೈಪ್ ಮಾಡಿ ಹೆಚ್ಚುವರಿ ಮಾಹಿತಿನ ಪೋಸ್ಟ್‌ಮೆಟಾ ಅನ್ನೋ ಟೇಬಲ್‌ಗೆ ತುಂಬ್ತಾವೆ. ಆ ಟೇಬಲ್‌ನಲ್ಲಿ ಫೀಲ್ಡ್ ಹೆಸರಿಗೆ ಇಂಡೆಕ್ಸ್ (ಇಲ್ಲಿ ಡೇಟಾಬೇಸ್ ಬೇಗ ಹುಡುಕೋಕೆ ಇಟ್ಕೊಳ್ಳೋ ಸೂಚಿ) ಇದೆ, ಅದರ ವ್ಯಾಲ್ಯೂಗೆ ಇಲ್ಲ, ಹಂಗಾಗಿ ನಾಲ್ಕೈದು ಫಿಲ್ಟರ್ ಒಟ್ಟಿಗೆ ಹಾಕಿದ್ರೆ ಡೇಟಾಬೇಸ್ ಉಸ್ಸಪ್ಪಾ ಅನ್ನುತ್ತೆ. ಲಿಸ್ಟಿಂಗ್ ಕಡಿಮೆ ಇದ್ದಾಗ ಗೊತ್ತಾಗಲ್ಲ, ಹತ್ತಾರು ಸಾವಿರ ಆದ್ಮೇಲೆ ಗೊತ್ತಾಗುತ್ತೆ. ನಾನು ತಗೊಂಡಿರೋದು ತನ್ನದೇ ಬೇರೆ ಟೇಬಲ್ ಇಟ್ಕೊಂಡಿದೆ, ಮೂರೂವರೆಯಲ್ಲಿ ಒಂದು ಸ್ಟಾರ್ ಅದಕ್ಕೇ. ಕೊಳ್ಳೋಕೆ ಮುಂಚೆ ಸಪೋರ್ಟ್‌ನೋರನ್ನ ಕಸ್ಟಮ್ ಫೀಲ್ಡ್ ಎಲ್ಲಿ ಸ್ಟೋರ್ ಆಗುತ್ತೆ ಅಂತ ಒಂದು ಪ್ರಶ್ನೆ ಕೇಳಿ, ಉತ್ತರದಲ್ಲೇ ಅವರ ಯೋಗ್ಯತೆ ತಿಳಿಯುತ್ತೆ.

ಪ್ಲಾನ್ ವಿಷಯಕ್ಕೆ ಬರ್ತೀನಿ, ನನಗೆ ಸಿಟ್ಟು ಬಂದಿದ್ದು ಇಲ್ಲೇ. ಒಂದು ಕಡೆ ಪ್ಲಾನ್ ಅಂತಾರೆ, ಇನ್ನೊಂದು ಕಡೆ ಪ್ಯಾಕೇಜ್, ಲೆವೆಲ್, ಮೆಂಬರ್‌ಶಿಪ್. ಹೆಸರು ಏನಾದ್ರೂ ಇರಲಿ, ತಿಳ್ಕೋಬೇಕಾದ್ದು ಒಂದೇ, ದುಡ್ಡು ಕಟ್ಟೋದು ಲಿಸ್ಟಿಂಗ್ ಮೇಲೋ ಮನುಷ್ಯನ ಮೇಲೋ. ಲಿಸ್ಟಿಂಗ್ ಮೇಲೆ ಅಂದ್ರೆ ಒಬ್ಬರಿಗೆ ಮೂರು ಬ್ರಾಂಚ್ ಇದ್ದಾಗ ಮೂರಕ್ಕೂ ಬೇರೆ ಬೇರೆ ಪ್ಲಾನ್, ಬೇರೆ ಬೇರೆ ಎಕ್ಸ್‌ಪೈರಿ. ಮನುಷ್ಯನ ಮೇಲೆ ಅಂದ್ರೆ ಒಂದು ಅಕೌಂಟ್‌ಗೆ ಒಂದು ಪ್ಲಾನ್, ಅದರೊಳಗೆ ಇಷ್ಟು ಲಿಸ್ಟಿಂಗ್ ಹಾಕ್ಬಹುದು ಅಂತ ಲಿಮಿಟ್. ಎರಡೂ ಸರಿನೇ, ಯಾವ ಥರದ ಡೈರೆಕ್ಟರಿ ಅನ್ನೋದ್ರ ಮೇಲೆ ಹೋಗುತ್ತೆ, ಒಂಟಿ ವೃತ್ತಿಯವರು, ಅಂದ್ರೆ ವಕೀಲರು ಟ್ಯೂಷನ್ ಮೇಷ್ಟ್ರು ಇಂಥವರ ಡೈರೆಕ್ಟರಿಗೆ ಎರಡನೇದು ಚೆನ್ನ, ಬ್ರಾಂಚ್‌ಗಳಿರೋ ಬಿಸಿನೆಸ್‌ಗೆ ಮೊದಲನೇದು. ಈ ಸಾಫ್ಟ್‌ವೇರ್ ಎರಡನ್ನೂ ಒಟ್ಟಿಗೆ ಕೊಡ್ತೀನಿ ಅಂತ ಹೋಗಿ ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು ಅನ್ನೋ ಹಾಗೆ ಮಾಡಿಟ್ಟಿದೆ. ಮೆಂಬರ್ ಪ್ಲಾನ್ ಮುಗಿದಿದೆ ಆದ್ರೆ ಲಿಸ್ಟಿಂಗ್ ಪ್ಲಾನ್ ಇನ್ನೂ ಇದೆ ಅಂದ್ರೆ ಪೇಜ್ ಕಾಣ್ಬೇಕಾ ಬೇಡ್ವಾ? ಡಾಕ್ಯುಮೆಂಟೇಶನ್‌ನಲ್ಲಿ ಕಾಣುತ್ತೆ ಅಂತ ಬರೆದಿದೆ, ಸೈಟಲ್ಲಿ ಕಾಣಲ್ಲ.

ಅದಕ್ಕಿಂತ ಕೆಟ್ಟದ್ದು ಡೌನ್‌ಗ್ರೇಡ್. ಹತ್ತು ಫೋಟೋ ಇರೋ ಪ್ಲಾನ್‌ನಿಂದ ಎರಡು ಫೋಟೋ ಇರೋ ಫ್ರೀ ಪ್ಲಾನ್‌ಗೆ ಇಳಿದ್ರೆ ಮಿಕ್ಕ ಎಂಟು ಫೋಟೋನ ಅಡಗಿಸಿಡೋದು ಮರ್ಯಾದೆ, ಇದು ಡಿಲೀಟ್ ಮಾಡುತ್ತೆ! ವಾರ ಬಿಟ್ಟು ಮತ್ತೆ ದುಡ್ಡು ಕಟ್ಟಿದೋರಿಗೆ ಏನಂತ ಹೇಳೋದು. ಸಪೋರ್ಟ್‌ನಿಂದ ಬಂದ ಉತ್ತರ "ಅದು ಬೈ ಡಿಸೈನ್" ಅಂತ, ಅರ್ಧ ಸ್ಟಾರ್ ಅಲ್ಲೇ ಕಟ್. ರಿಕರಿಂಗ್ ಅಂದ್ರೆ ತಾನೇ ತಾನಾಗಿ ರಿನ್ಯೂ ಆಗೋದು, ಅದು ಸರಿಯಾಗೇ ನಡೀತಿದೆ. ಎಕ್ಸ್‌ಪೈರಿ ನೆನಪಿಸೋ ಮೇಲ್‌ಗಳು ಮಾತ್ರ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸೋ ವ್ಯವಸ್ಥೆ) ಮೇಲೆ ನಿಂತಿವೆ, ವರ್ಡ್‌ಪ್ರೆಸ್‌ನ ಕ್ರಾನ್ ಯಾರಾದ್ರೂ ಸೈಟ್ ತೆರೆದಾಗಷ್ಟೇ ಓಡೋದು, ಜನ ಬರದ ಸೈಟಲ್ಲಿ ಮೇಲ್ ತಡವಾಗೇ ಹೋಗೋದು, ಸರ್ವರ್‌ನ ಅಸಲಿ ಕ್ರಾನ್‌ಗೆ ಕಟ್ಟಿಬಿಡಿ.

ಕ್ಲೇಮ್. ಡೈರೆಕ್ಟರಿ ನಡೆಸೋರೇ ಮೊದಲು ಮಾಹಿತಿ ಹಾಕಿರ್ತಾರೆ, ಆಮೇಲೆ ಅಸಲಿ ಓನರ್ ಬಂದು "ಇದು ನಂದು" ಅಂತ ಹಕ್ಕು ಕೇಳೋದು, ಅಡ್ಮಿನ್ ಪರಿಶೀಲಿಸಿ ಎಡಿಟ್ ಮಾಡೋ ಅಧಿಕಾರ ಕೊಡೋದು. ಪರಿಶೀಲನೆ ಅಂದ್ರೆ ಪೇಜ್‌ನಲ್ಲಿರೋ ನಂಬರಿಗೇ ಓಟಿಪಿ ಕಳಿಸೋದು ಅಥವಾ ಆ ಬಿಸಿನೆಸ್‌ನ ವೆಬ್‌ಸೈಟ್ ಡೊಮೇನ್‌ನ ಮೇಲ್ ಐಡಿಗೆ ಲಿಂಕ್ ಕಳಿಸೋದು, ಇಂಥದ್ದು. ಇಲ್ಲಿ ಬರೀ ಒಂದು ಮೆಸೇಜ್ ಬಾಕ್ಸ್ ಇದೆ, ಅಡ್ಮಿನ್ ಅಪ್ರೂವ್ ಒತ್ತಿದ ಕೂಡಲೇ ಪೇಜ್ ಮೇಲೆ ವೆರಿಫೈಡ್ ಅಂತ ಹಸಿರು ಬ್ಯಾಡ್ಜ್ ಬಂದು ಕೂರುತ್ತೆ. ನೋಡೋ ಜನ ಏನಂದ್ಕೋತಾರೆ? ಯಾರೋ ಹೋಗಿ ಅಂಗಡಿ ನೋಡಿ, ಲೈಸೆನ್ಸ್ ನೋಡಿ ಬಂದಿದಾರೆ ಅಂತ. ಕ್ಲೇಮ್ಡ್ ಅನ್ನೋದು ಓನರ್ ಯಾರು ಅಂತ ಹೇಳೋದು, ವೆರಿಫೈಡ್ ಅನ್ನೋದು ಮಾಹಿತಿ ನಿಜ ಅಂತ ಹೇಳೋದು, ಎರಡನ್ನೂ ಒಂದು ಬ್ಯಾಡ್ಜ್‌ಗೆ ಕಟ್ಟಿದ್ರೆ ಡೈರೆಕ್ಟರಿ ಮೇಲಿನ ನಂಬಿಕೆನೇ ಹೋಗುತ್ತೆ. ಆ ಬ್ಯಾಡ್ಜ್ ತೆಗೆದು "ಓನರ್ ನಿರ್ವಹಿಸ್ತಿದ್ದಾರೆ" ಅಂತ ಬರೆಸಿದೀನಿ.

ಫೀಚರ್ಡ್ ಅಂದ್ರೆ ದುಡ್ಡು ಕೊಟ್ಟು ರಿಸಲ್ಟ್‌ನ ಮೇಲೆ ಕೂರೋದು ಅಂತ ಬಹಳ ಸಾಫ್ಟ್‌ವೇರ್‌ಗಳಲ್ಲಿ, ಕೆಲವದರಲ್ಲಿ ಬಣ್ಣ ಬದಲಾಗೋದು ಮಾತ್ರ, ಮೇಲೆ ನಿಲ್ಲಿಸೋದಕ್ಕೆ ಸ್ಟಿಕಿ ಅಂತ ಬೇರೆ ಪದ. ಇದರಲ್ಲಿ ಎರಡೂ ಬೇರೆ ಬೇರೆ ಇದೆ, ಚೆನ್ನಾಗಿದೆ. ಇದರ ಜೊತೆಗೆ ಬರೋದು ನೋಫಾಲೋ, ಲಿಸ್ಟಿಂಗ್‌ನಲ್ಲಿ ಬಿಸಿನೆಸ್‌ನ ವೆಬ್‌ಸೈಟ್ ಲಿಂಕ್ ಇರುತ್ತಲ್ಲ, ಅದಕ್ಕೆ ನಮ್ಮ ಸೈಟ್‌ನ ಶಿಫಾರಸು ಇಲ್ಲ ಅಂತ ಸರ್ಚ್ ಎಂಜಿನ್‌ಗೆ ಹೇಳೋ ಗುರುತು ಅದು. 2005ರಲ್ಲಿ ಬಂದಿದ್ದು, ಆಮೇಲೆ 2019ರಲ್ಲಿ ಗೂಗಲ್ ದುಡ್ಡು ಕೊಟ್ಟ ಲಿಂಕ್‌ಗೆ ಸ್ಪಾನ್ಸರ್ಡ್, ಯೂಸರ್‌ಗಳು ಹಾಕಿದ್ದಕ್ಕೆ ಯುಜಿಸಿ ಅಂತ ಇನ್ನೆರಡು ಸೇರಿಸ್ತು. ಈ ಸಾಫ್ಟ್‌ವೇರ್‌ಗೆ ಹಳೇದು ಮಾತ್ರ ಗೊತ್ತು, ಪರವಾಗಿಲ್ಲ, ಹಳೇದನ್ನೂ ಗೂಗಲ್ ಒಪ್ಪುತ್ತೆ. "ಪ್ರೀಮಿಯಂ ಪ್ಲಾನ್‌ನಲ್ಲಿ ಡೂಫಾಲೋ ಲಿಂಕ್", ಅಂದ್ರೆ ಈ ಗುರುತಿಲ್ಲದ ಲಿಂಕ್, ಅಂತ ಮಾರೋ ಐಡಿಯಾನ ಸಾಫ್ಟ್‌ವೇರ್‌ನೋರೇ ಡೆಮೋದಲ್ಲಿ ತೋರಿಸ್ತಾರೆ, ಅದು ಗೂಗಲ್‌ನ ಸ್ಪ್ಯಾಮ್ ನಿಯಮಕ್ಕೆ ನೇರ ವಿರುದ್ಧ, ಆ ದಾರಿಗೆ ಹೋಗ್ಬೇಡಿ.

ಮ್ಯಾಪ್ ಕಡೆ ಜಿಯೋಕೋಡಿಂಗ್ ಅಂದ್ರೆ ಬರೆದ ಅಡ್ರೆಸ್ಸನ್ನ ಅಕ್ಷಾಂಶ ರೇಖಾಂಶಕ್ಕೆ ತಿರುಗಿಸೋದು, ಅದು ಆದ್ರೇನೇ ರೇಡಿಯಸ್ ಸರ್ಚ್, ಅಂದ್ರೆ ನನ್ನ ಸುತ್ತ ಐದು ಕಿಲೋಮೀಟರ್‌ನಲ್ಲಿ ಏನಿದೆ ಅನ್ನೋದು, ಕೆಲಸ ಮಾಡೋದು. ಗೂಗಲ್ ಮ್ಯಾಪ್ಸ್ ಬೇಕಂದ್ರೆ ಎಪಿಐ ಕೀ (ಅವರ ಸೇವೆ ಬಳಸೋಕೆ ಕೊಡೋ ಗುಪ್ತ ಸಂಕೇತ) ಜೊತೆಗೆ ಬಿಲ್ಲಿಂಗ್ ಅಕೌಂಟೂ ಬೇಕು. ಬೇಡ ಅಂದ್ರೆ ಜನರೇ ಸೇರಿ ಮಾಡಿರೋ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ, ಆದ್ರೆ ಅದರ ಜಿಯೋಕೋಡಿಂಗ್ ಸೇವೆ ನಾಮಿನೇಟಿಮ್‌ನ ಪಬ್ಲಿಕ್ ಸರ್ವರ್‌ಗೆ ಸೆಕೆಂಡಿಗೆ ಒಂದೇ ರಿಕ್ವೆಸ್ಟ್ ಅಂತ ಮಿತಿ, ಅದೂ ರಾಶಿಗಟ್ಟಲೆ ಕಳಿಸಿದ್ರೆ ಅವರಿಗೆ ಇಷ್ಟ ಆಗಲ್ಲ. ಈ ಸಾಫ್ಟ್‌ವೇರ್ ಇಂಪೋರ್ಟ್ ಮಾಡೋವಾಗ ಆ ಮಿತಿನ ಲೆಕ್ಕಕ್ಕೇ ತಗೊಳ್ಳದೆ ಒಟ್ಟಿಗೆ ನುಗ್ಗಿಸುತ್ತೆ, ಅರ್ಧ ಅಡ್ರೆಸ್‌ಗೆ ಪಿನ್ನೇ ಬೀಳಲ್ಲ, ಎರರ್ ಕೂಡ ತೋರಿಸಲ್ಲ. ಇಂಪೋರ್ಟ್‌ಗೆ ಕೊಡೋ ಸಿಎಸ್‌ವಿ ಫೈಲ್‌ನಲ್ಲೇ (ಕಾಮಾ ಹಾಕಿ ಬೇರೆ ಮಾಡಿದ ಪಟ್ಟಿ) ಅಕ್ಷಾಂಶ ರೇಖಾಂಶದ ಕಾಲಂ ತುಂಬಿಸಿ ಕೊಡೋದು ವಾಸಿ. ಇನ್ನು ಡಿಸ್ಟನ್ಸ್ ಯೂನಿಟ್ ಡೀಫಾಲ್ಟ್ ಆಗಿ ಮೈಲಿಯಲ್ಲಿದೆ, ಬದಲಾಯಿಸದಿದ್ರೆ ಐದು ಅಂತ ಹಾಕಿದೋರಿಗೆ ಎಂಟು ಕಿಲೋಮೀಟರ್ ದೂರದ್ದೂ ಬರುತ್ತೆ.

ಸ್ಲಗ್ ಅಂದ್ರೆ ಯುಆರ್‌ಎಲ್‌ನ ಕೊನೇ ತುಂಡು. ಕನ್ನಡದಲ್ಲಿ ಡೈರೆಕ್ಟರಿ ಮಾಡೋರು ಇಲ್ಲಿ ಹುಷಾರು. ಬಿಸಿನೆಸ್ ಹೆಸರನ್ನ ಕನ್ನಡದಲ್ಲಿ ಹಾಕಿದ್ರೆ ವರ್ಡ್‌ಪ್ರೆಸ್ ಅದನ್ನ ಪರ್ಸೆಂಟ್ ಗುರುತುಗಳ ಸಾಲು ಮಾಡುತ್ತೆ, ಒಂದು ಯೂನಿಕೋಡ್ ಚಿಹ್ನೆಗೆ 9 ಕ್ಯಾರಕ್ಟರ್, ಡೇಟಾಬೇಸ್‌ನಲ್ಲಿ ಸ್ಲಗ್‌ಗೆ ಇರೋ ಜಾಗ 200, ಅಂದ್ರೆ 22 ಚಿಹ್ನೆಗೆ ಖಲಾಸ್, ಒತ್ತಕ್ಷರ ಕಾಗುಣಿತ ಎಲ್ಲಾ ಬೇರೆ ಬೇರೆ ಎಣಿಕೆ ಆಗೋದ್ರಿಂದ ಸ್ವಲ್ಪ ಉದ್ದದ ಹೆಸರು ಮಧ್ಯಕ್ಕೇ ತುಂಡಾಗುತ್ತೆ. ಇದು ಈ ಪ್ಲಗಿನ್ ತಪ್ಪಲ್ಲ, ಸ್ಲಗ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಕೊಡಿ. ಸಿಎಸ್‌ವಿನೂ ಯುಟಿಎಫ್-8 ಅನ್ನೋ ಅಕ್ಷರ ಸಂಕೇತದಲ್ಲೇ ಸೇವ್ ಮಾಡಿ, ಇಲ್ದಿದ್ರೆ ಕನ್ನಡ ಇರೋ ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆ.

ಸ್ಕೀಮಾ ಅಂದ್ರೆ ಪೇಜ್‌ನಲ್ಲಿ ಇದು ಅಡ್ರೆಸ್ಸು, ಇದು ಫೋನು, ಇದು ಟೈಮಿಂಗ್ಸು ಅಂತ ಸರ್ಚ್ ಎಂಜಿನ್‌ಗೆ ಅರ್ಥ ಆಗೋ ಹಾಗೆ ಗುರುತು ಹಾಕೋ ಪದ್ಧತಿ, 2011ರಲ್ಲಿ ಗೂಗಲ್, ಬಿಂಗ್, ಯಾಹೂ ಸೇರಿ ಶುರು ಮಾಡಿದ್ದು. ಡೆಂಟಿಸ್ಟ್, ರೆಸ್ಟೋರೆಂಟ್ ಅಂತ ಅದ್ರಲ್ಲಿ ಬೇರೆ ಬೇರೆ ಟೈಪ್‌ಗಳಿವೆ, ಇವರು ಎಲ್ಲರಿಗೂ ಲೋಕಲ್ ಬಿಸಿನೆಸ್ ಅಂತ ಒಂದೇ ಟೋಪಿ ಹಾಕಿದಾರೆ, ಕೆಲಸಕ್ಕೆ ಸಾಕು. ಲೀಡ್ ಅಂದ್ರೆ ಫಾರಂ ಮೂಲಕ ಓನರ್‌ಗೆ ಹೋಗೋ ವಿಚಾರಣೆ, ಸರಿಯಾಗಿ ಲೆಕ್ಕ ಇಡುತ್ತೆ. ರೇಟಿಂಗ್ ಮಾತ್ರ ಬರೀ ಸರಾಸರಿ, ಒಬ್ಬರೇ ಐದು ಸ್ಟಾರ್ ಕೊಟ್ಟಿರೋ ಅಂಗಡಿ, ತೊಂಬತ್ತು ಜನ ಸೇರಿ 4.8 ಕೊಟ್ಟಿರೋ ಅಂಗಡಿಗಿಂತ ಮೇಲೆ ಬರುತ್ತೆ, ಓನರ್‌ಗಳ ಜಗಳ ತಪ್ಪಿದ್ದಲ್ಲ.

ಕೊಳ್ಳೋ ಯೋಚನೆ ಇರೋರು ಡೆಮೋದಲ್ಲಿ ಎಕ್ಸ್‌ಪೋರ್ಟ್ ಬಟನ್ ಒಂದ್ಸಲ ಒತ್ತಿ ಬಂದ ಫೈಲ್ ತೆರೆದು ನೋಡಿ. ಇದರಲ್ಲಿ ಎಕ್ಸ್‌ಪೋರ್ಟ್ ಅಂದ್ರೆ ಲಿಸ್ಟಿಂಗ್ ಮತ್ತು ಕೆಟಗರಿ ಅಷ್ಟೇ, ರಿವ್ಯೂಗಳು, ಯಾರು ಯಾವುದನ್ನ ಕ್ಲೇಮ್ ಮಾಡಿದಾರೆ, ಯಾರ ಪ್ಲಾನ್ ಯಾವತ್ತು ಮುಗಿಯುತ್ತೆ ಅನ್ನೋದು ಯಾವುದೂ ಬರಲ್ಲ, ನಾಳೆ ಬೇರೆ ಸಾಫ್ಟ್‌ವೇರ್‌ಗೆ ಹೋಗ್ಬೇಕು ಅಂದ್ರೆ ಅವನ್ನೆಲ್ಲಾ ಡೇಟಾಬೇಸ್‌ನಿಂದ ಕೈಯಾರೆ ಎತ್ಕೋಬೇಕು.